ಬೊಗಳುವುದು ಬೇರೆ, ಕಾಯುವುದು ಬೇರೆ
ನಾಯಿಯ ಸ್ವಭಾವ, ತರಬೇತಿ, ಕಾವಲು: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಒಂಟಿ ಮನೆ, ಸುತ್ತ ಅಡಿಕೆ ತೋಟ. ಕಾವಲಿಗೆಂದು ತಂದ ರಾಟ್‌ವೀಲರ್‌ಗೆ ಈಗ 11 ತಿಂಗಳು. ಗೇಟಿನ ಹೊರಗೆ ಯಾರು ಸುಳಿದರೂ ಊರಿಗೆಲ್ಲ ಕೇಳುವಂತೆ ಬೊಗಳುತ್ತದೆ. ಮೊನ್ನೆ ಗೊಬ್ಬರ ಇಳಿಸಲು ಬಂದವರು ಗೇಟು ತೆಗೆದು ಒಳಗೆ ಕಾಲಿಟ್ಟದ್ದೇ ತಡ, ಜೀಪಿನ ಅಡಿಗೆ ನುಗ್ಗಿತು. ಮೂರು ತಿಂಗಳು ನಮ್ಮಲ್ಲಿ ಬಿಡಿ, ಅಟ್ಯಾಕ್ ಟ್ರೇನಿಂಗ್ ಕೊಟ್ಟು ಸರಿಮಾಡುತ್ತೇವೆ ಎಂದು ಒಬ್ಬ ತರಬೇತುದಾರರು ಹೇಳುತ್ತಿದ್ದಾರೆ. ಕಳಿಸಬಹುದೇ?

ಕಳಿಸಬೇಡಿ. ನಿಮ್ಮ ನಾಯಿ ಬೊಗಳುತ್ತಿರುವುದು ಹೆದರಿಕೆಯಿಂದ. ಅನುಮಾನವಿದ್ದರೆ ನಾಳೆ ಗೇಟಿನ ಪಕ್ಕ ನಿಂತು ನೋಡಿ. ಮೈಯ ಭಾರ ಹಿಂಗಾಲಿನ ಮೇಲಿರುತ್ತದೆ. ಎರಡು ಹೆಜ್ಜೆ ಮುಂದೆ ಹೋದರೆ ಮೂರು ಹೆಜ್ಜೆ ಹಿಂದೆ ಬರುತ್ತದೆ. ದನಿ ಕೀರಲು, ಉಸಿರಿಗೂ ಬಿಡುವಿಲ್ಲ. ಬಂದವರು ಬೆನ್ನು ತಿರುಗಿಸಿದ ಕೂಡಲೇ ಎಲ್ಲಿಲ್ಲದ ಶೌರ್ಯ ಬಂದು ಗೇಟಿಗೆ ಹಾರುತ್ತದೆ. ಬೆನ್ನಿನ ಕೂದಲು ನಿಮಿರಿದ್ದನ್ನು ಕಂಡು ಎಷ್ಟೋ ಜನ ಹಿಗ್ಗುತ್ತಾರೆ. ಅದು ಉದ್ರೇಕದ ಗುರುತಷ್ಟೇ, ಧೈರ್ಯದ್ದಲ್ಲ. ಗಟ್ಟಿ ಮನಸ್ಸಿನ ಕಾವಲು ನಾಯಿ ನಾಲ್ಕು ಸಲ ದಪ್ಪ ದನಿಯಲ್ಲಿ ಬೊಗಳಿ, ಬಾಯಿ ಮುಚ್ಚಿ, ಕದಲದೆ ನಿಂತು ನೋಡುತ್ತದೆ. ಅಂಥ ನಾಯಿಯನ್ನು ಕಂಡರೆ ನಾನೂ ಗೇಟಿನ ಹೊರಗೇ ನಿಲ್ಲುತ್ತೇನೆ.

ಹೊಸದೊಂದು ಎದುರಾದಾಗ ಎಷ್ಟಕ್ಕೆ ಬೆಚ್ಚುತ್ತದೆ, ಬೆಚ್ಚಿದ ಮೇಲೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ: ನಾಯಿಯ ಸ್ವಭಾವದ ತಿರುಳು ಇದು. ಒಂದಷ್ಟು ಅಪ್ಪ ಅಮ್ಮನಿಂದ ಬರುತ್ತದೆ. ಇನ್ನೊಂದಷ್ಟು, ಹುಟ್ಟಿದ ಮೂರನೇ ವಾರದಿಂದ ಹೆಚ್ಚುಕಡಿಮೆ ಹನ್ನೆರಡನೇ ವಾರದೊಳಗೆ ಮರಿ ಏನೇನು ಕಂಡಿತು, ಯಾರ ಕೈಗೆ ಸಿಕ್ಕಿತು ಎಂಬುದರಿಂದ ನಿರ್ಧಾರವಾಗುತ್ತದೆ. ಅಷ್ಟೂ ದಿನ ಬ್ರೀಡರ್ ಮನೆಯ ಪಂಜರದಲ್ಲೇ ಕಳೆದ ಮರಿಗೆ ಗೊಬ್ಬರದ ಮೂಟೆ ಹೊತ್ತ ನಾಲ್ಕು ಗಂಡಾಳುಗಳು ಭೂತದಂತೆ ಕಂಡರೆ ಆಶ್ಚರ್ಯವೇನಿಲ್ಲ.

ಇನ್ನು ಆ ಅಟ್ಯಾಕ್ ಟ್ರೇನಿಂಗ್. ಈ ಹೆಸರಿನಲ್ಲಿ ಹಲವೆಡೆ ನಡೆಯುವುದು ಇಷ್ಟು: ಕಟ್ಟಿಹಾಕಿದ ನಾಯಿಯ ಮುಂದೆ ತೋಳಿಗೆ ಗೋಣಿ ಸುತ್ತಿಕೊಂಡ ಒಬ್ಬ ಬಂದು ಕೋಲು ಬೀಸುತ್ತಾನೆ. ಓಡಲು ದಾರಿಯಿಲ್ಲದ ನಾಯಿ ಕಚ್ಚುತ್ತದೆ. ಅವನು ಹಿಂದೆ ಸರಿಯುತ್ತಾನೆ. ಹೆದರಿಕೆಯಾದಾಗ ಕಚ್ಚಿದರೆ ಹೆದರಿಸಿದ್ದು ದೂರ ಹೋಗುತ್ತದೆ ಎಂಬ ಒಂದೇ ಪಾಠವನ್ನು ನಾಯಿ ಕಲಿಯುತ್ತದೆ. ಆಮೇಲೆ ಅದಕ್ಕೆ ಕಳ್ಳನೂ ಒಂದೇ, ಮೀಟರ್ ಓದಲು ಬಂದವನೂ ಒಂದೇ, ಚೆಂಡು ಹುಡುಕಿಕೊಂಡು ಬಂದ ಆಳಿನ ಮಗುವೂ ಒಂದೇ. ಮೂರು ತಿಂಗಳಿಗೆ ದುಡ್ಡು ಕೊಟ್ಟು ನೀವು ಮನೆಗೆ ತರುವುದು ಈ ಅಪಾಯವನ್ನು.

ಕಚ್ಚಿಸುವ ಕಸರತ್ತಿನ ಮೂಲ ಉದ್ದೇಶವೇ ಬೇರೆಯಿತ್ತು. ಜರ್ಮನಿಯಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಜರ್ಮನ್ ಶೆಫರ್ಡ್ ತಳಿಗೆ ಬುನಾದಿ ಹಾಕಿದರು. ಆಮೇಲೆ ಅಲ್ಲಿ ಶುಟ್ಸ್‌ಹುಂಡ್ ಎಂಬ ಪರೀಕ್ಷೆ ಬೆಳೆಯಿತು: ವಾಸನೆ ಹಿಡಿಯುವುದು, ಹೇಳಿದ್ದು ಕೇಳುವುದು, ರಕ್ಷಣೆ, ಹೀಗೆ ಮೂರು ಭಾಗ. ಯಾವ ನಾಯಿಯ ನರ ಗಟ್ಟಿ, ಯಾವುದರಿಂದ ಮರಿ ಹಾಕಿಸಬಹುದು ಎಂದು ಆರಿಸುವ ಜರಡಿ ಅದು. ಅಂದರೆ ಇದ್ದ ಧೈರ್ಯವನ್ನು ಅಳೆಯುತ್ತಿದ್ದರು. ಇಲ್ಲದ ಧೈರ್ಯವನ್ನು ಅದರಿಂದ ಹುಟ್ಟಿಸಬಹುದೆಂದು ಅವರು ನಂಬಿರಲಿಲ್ಲ.

ಹಾಗಾದರೆ ಏನು ಮಾಡುವುದು? ಮೊದಲು ಸೊಂಟದ ಕೀಲು, ಕಿವಿ, ಕಣ್ಣು ತಪಾಸಣೆ ಮಾಡಿಸಿ. ನೋವಿರುವ ನಾಯಿಗೂ ಪುಕ್ಕಲುತನ ಬರುತ್ತದೆ. ಬಂದವರ ಮೇಲೆ ಛೂ ಬಿಡುವುದನ್ನು ಮನೆಮಂದಿಯೆಲ್ಲ ನಿಲ್ಲಿಸಿ. ದೂರದಲ್ಲಿ ಅಪರಿಚಿತರು ಕಂಡಾಗ, ಅದು ಇನ್ನೂ ಸಮಾಧಾನವಾಗಿರುವಾಗಲೇ ಬಾಯಿಗೆ ಒಳ್ಳೆಯ ತಿಂಡಿ ಬೀಳಲಿ; ದಿನಕಳೆದಂತೆ ಅಂತರ ಕಡಿಮೆ ಮಾಡುತ್ತ ಬನ್ನಿ. ರಾಟ್‌ವೀಲರ್‌ನಂಥ ತಳಿಗಳು ಮಾನಸಿಕವಾಗಿ ಬಲಿಯುವುದು ಎರಡು ವರ್ಷದ ಆಸುಪಾಸಿಗೆ, ಆದ್ದರಿಂದ ಇನ್ನೂ ಕಾಲವಿದೆ. ಹಾಗೆಂದು ಅದು ಬೇರೆಯೇ ನಾಯಿಯಾಗುತ್ತದೆಂದು ಕಾಯಬೇಡಿ. ತೋಟದ ಮನೆಗೆ ಬೇಕಾದ ಮುಖ್ಯ ಕೆಲಸ, ಯಾರೋ ಬಂದರು ಎಂದು ನಿಮ್ಮನ್ನು ಎಬ್ಬಿಸುವುದು. ಅದನ್ನು ಅದು ಈಗಾಗಲೇ ಮಾಡುತ್ತಿದೆ.

ರಾತ್ರಿ ಹೊರಗೆ ಸರಪಳಿಯಲ್ಲಿ ಮಾತ್ರ ಕಟ್ಟಬೇಡಿ. ನಿಮ್ಮ ಕಡೆ ಚಿರತೆಗೆ ಕಟ್ಟಿದ ನಾಯಿಗಿಂತ ಸುಲಭದ ಊಟ ಇನ್ನೊಂದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಸೈಟಿನ ಮನೆ. ನಾನು ತಿಂಗಳಿಗೆ ಹದಿನೈದು ದಿನ ಊರಲ್ಲಿರುವುದಿಲ್ಲ. ಹೆಂಡತಿ ಮತ್ತು ವಯಸ್ಸಾದ ತಾಯಿಯ ರಕ್ಷಣೆಗೆ ಬೆಲ್ಜಿಯನ್ ಮ್ಯಾಲಿನಾಯ್ ತರೋಣವೆಂದಿದ್ದೇನೆ. ಕಮಾಂಡೋಗಳ ಜೊತೆ ಅವು ಕೆಲಸ ಮಾಡುವ ವಿಡಿಯೋ ನೋಡಿದೆ.

ಆ ವಿಡಿಯೋದಲ್ಲಿ ಹಗ್ಗದ ಇನ್ನೊಂದು ತುದಿ ಹಿಡಿದ ಯೋಧನನ್ನೂ ನೋಡಬೇಕಿತ್ತು. ನಿಮ್ಮೂರಿನ ಹೊರವಲಯದ ತರಳುವಿನಲ್ಲೇ ಸಿಆರ್‌ಪಿಎಫ್‌ನ ಶ್ವಾನ ತಳಿ ಮತ್ತು ತರಬೇತಿ ಶಾಲೆಯಿದೆ. ಅಲ್ಲಿ ಮ್ಯಾಲಿನಾಯ್‌ಗಳನ್ನು ತಯಾರು ಮಾಡುತ್ತಾರೆ. ಇಂಥ ನಾಯಿಗೆ ಕೆಲಸವೆಂದರೆ ಆಟ. ಚೆಂಡು ಅಥವಾ ಸುತ್ತಿದ ಬಟ್ಟೆಯ ತುಂಡಿಗಾಗಿ ಊಟ ಬಿಟ್ಟು, ಬಿಸಿಲು ಮರೆತು ಎಳೆದಾಡುವ ಹುಚ್ಚು ಇರುವ ಮರಿಯನ್ನೇ ಆರಿಸುತ್ತಾರೆ. ತೋಳು ಹಿಡಿಯುವುದರ ಹಿಂದೆ ಬಹುಪಾಲು ಇರುವುದು ಬೇಟೆಯ ಆ ಹುಚ್ಚು. ಯಜಮಾನನ ಮೇಲಿನ ಮಮಕಾರವೂ ಅಲ್ಲ, ಕಳ್ಳನ ಮೇಲಿನ ಸಿಟ್ಟೂ ಅಲ್ಲ. ಹಿಡಿ ಎಂದಾಗ ಹಿಡಿಯುವುದಕ್ಕಿಂತ ಬಿಡು ಎಂದಾಗ ಬಿಡುವುದನ್ನು ಕಲಿಸಲು ಹೆಚ್ಚು ಬೆವರು ಹರಿಯುತ್ತದೆ. ದಿನವೂ ಅದೇ ವ್ಯಕ್ತಿ, ದಿನವೂ ಅಭ್ಯಾಸ. ಹದಿನೈದು ದಿನ ಮಾಲೀಕನಿಲ್ಲದ ಮನೆಯಲ್ಲಿ ಅದೇ ನಾಯಿ ಸೋಫಾ ಹರಿಯುತ್ತದೆ, ತನ್ನ ಬಾಲವನ್ನೇ ಅಟ್ಟಿಕೊಂಡು ಸುತ್ತುತ್ತದೆ, ನಿಮ್ಮ ತಾಯಿಯ ಸೀರೆಯ ಸೆರಗು ಗಾಳಿಗೆ ಹಾರಿದರೆ ಅದನ್ನೂ ಹಿಡಿಯುತ್ತದೆ.

ಜನ ಕಾವಲು ಎಂದು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಒಂದಕ್ಕೊಂದು ಹೊಂದದ ಕೆಲಸಗಳಿವೆ. ಎಚ್ಚರಿಸುವ ನಾಯಿಗೆ ಚುರುಕು ಕಿವಿ, ಸ್ವಲ್ಪ ಅನುಮಾನದ ಬುದ್ಧಿ ಇದ್ದರೆ ಸಾಕು, ಗಾತ್ರ ಲೆಕ್ಕಕ್ಕಿಲ್ಲ. ಆವರಣ ಕಾಯುವ ನಾಯಿಗೆ ಜಾಗದ ಮೇಲೆ ಹಕ್ಕಿನ ಭಾವ, ಒಬ್ಬಂಟಿಯಾಗಿಯೇ ತೀರ್ಮಾನ ಮಾಡುವ ಗಟ್ಟಿತನ ಬೇಕು. ಅಂಥದ್ದು ನೆಂಟರಿಗೆ ಕಷ್ಟ. ವ್ಯಕ್ತಿಯನ್ನು ಕಾಯುವ ನಾಯಿಯದು ಇದಕ್ಕೆ ತದ್ವಿರುದ್ಧ: ಸಂತೆಯ ಗದ್ದಲದಲ್ಲೂ ಕಾಲ ಬಳಿ ತಣ್ಣಗೆ ಮಲಗಿದ್ದು, ಹೇಳಿದಾಗ ಮಾತ್ರ ಏಳಬೇಕು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಜಮೀನ್ದಾರರ ಕಾಡಿಗೆ ಕದ್ದು ಬೇಟೆಗೆ ಬರುವವರನ್ನು ಹಿಡಿಯಲೆಂದೇ ಬುಲ್‌ಮಾಸ್ಟಿಫ್ ಬೆಳೆಸಿದರು. ಕತ್ತಲಲ್ಲಿ ಸದ್ದಿಲ್ಲದೆ ಹೋಗಿ ಕೆಡವಿ, ಸೀಳದೆ ಅದುಮಿ ಹಿಡಿಯಬೇಕಿತ್ತು. ಬೊಗಳಿದರೆ ಆ ಕೆಲಸವೇ ಕೆಟ್ಟಿತು! ಒಂದು ಕೆಲಸಕ್ಕೆ ಗುಣವಾದದ್ದು ಇನ್ನೊಂದಕ್ಕೆ ದೋಷ.

ನಿಮ್ಮ ಮನೆಗೆ ಬೇಕಿರುವುದು ಮೊದಲನೆಯದು. ಒಂದು ಒಳ್ಳೆಯ ನಾಟಿ ನಾಯಿ, ಇಲ್ಲವೇ ನಾವು ಪಾಮೇರಿಯನ್ ಎಂದು ಕರೆಯುತ್ತ ಬಂದ ಇಂಡಿಯನ್ ಸ್ಪಿಟ್ಜ್ ಸಾಕು. ಜೊತೆಗೆ ಗಟ್ಟಿ ಬಾಗಿಲು, ಹೊರಗೊಂದು ದೀಪ. ಉಳಿದ ಹಣವನ್ನು ತಾಯಿಯವರ ಬಳಿ ಹಗಲು ಹೊತ್ತು ಇರುವ ಒಬ್ಬರಿಗೆ ಕೊಡಿ. ಇದು ಪಶುವೈದ್ಯ ಹೇಳುವ ಮಾತಲ್ಲ ಎಂದರೂ ಪರವಾಗಿಲ್ಲ.

ಪ್ರಶ್ನೆ: ಕೊಪ್ಪಳ ಜಿಲ್ಲೆಯವರು, ಕುರಿ ನಮ್ಮ ಕಸುಬು. ರಾತ್ರಿ ಹಟ್ಟಿಗೆ ತೋಳ ಬೀಳುತ್ತವೆ. ಈಗಿರುವ ನಾಯಿಗಳ ಬದಲು ಜರ್ಮನ್ ಶೆಫರ್ಡ್ ತರಬೇಕೆಂದು ಮಗನ ಹಟ. ಹೆಸರಲ್ಲೇ ಕುರುಬ ಎಂದಿದೆಯಲ್ಲ ಅನ್ನುತ್ತಾನೆ.

ಮಗನಿಗೆ ಹೇಳಿ, ಕುರಿ ಓಡಿಸುವ ನಾಯಿ ಬೇರೆ, ಕುರಿ ಕಾಯುವ ನಾಯಿ ಬೇರೆ. ಮಂದೆಯನ್ನು ತಿರುಗಿಸುವ, ಬೆಳೆಗೆ ನುಗ್ಗದಂತೆ ಅಂಚಿನಲ್ಲಿ ಓಡಾಡುವ ನಾಯಿಯಲ್ಲಿ ಬೇಟೆಯ ಬುದ್ಧಿಯೇ ಕೆಲಸ ಮಾಡುತ್ತದೆ: ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕೊಲ್ಲುವ ತುದಿಯನ್ನಷ್ಟೇ ಮೊಂಡು ಮಾಡಿರುತ್ತಾರೆ. ಕಾಯುವ ನಾಯಿಯಲ್ಲಿ ಅಟ್ಟುವ ಆಸೆಯೇ ಕಡಿಮೆ ಇರಬೇಕು. ಮರಿ ಕುಣಿದು ಓಡಿದರೂ ಅದು ಮಲಗಿದಲ್ಲಿಂದ ತಲೆ ಎತ್ತಬಾರದು.

ಅಮೆರಿಕದ ಹ್ಯಾಂಪ್‌ಷೈರ್ ಕಾಲೇಜಿನ ರೇಮಂಡ್ ಮತ್ತು ಲೋರ್ನಾ ಕಾಪಿಂಗರ್ ದಂಪತಿ 1970ರ ದಶಕದ ಕೊನೆಯಿಂದ ಟರ್ಕಿ, ಇಟಲಿ, ಯುಗೊಸ್ಲಾವಿಯಾದ ಕುರಿಕಾವಲಿನ ನಾಯಿಗಳನ್ನು ತರಿಸಿ, ಮರಿಗಳನ್ನು ರೈತರಿಗೆ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಒಳ್ಳೆಯ ನಾಯಿಯಲ್ಲಿ ಅವರು ಹುಡುಕಿದ್ದು ಮೂರನ್ನು: ಕುರಿಗಳ ಜೊತೆಗೇ ಇರುವುದು, ಕುರಿಗಳಿಗೆ ತೊಂದರೆ ಕೊಡದಿರುವುದು, ಹೊರಗಿನದು ಬಂದರೆ ಅಡ್ಡಬರುವುದು. ಬಹಳ ಸಲ ಕಾದಾಟದವರೆಗೆ ಹೋಗುವುದೇ ಇಲ್ಲ. ತೋಳ ಹೊಂಚುತ್ತಿರುವಾಗ ನಾಯಿ ಎದ್ದು ಬೊಗಳುತ್ತ ಎದುರು ಬಂದರೆ ಹೊಂಚು ತಪ್ಪಿತು. ತೋಳಕ್ಕೂ ಪ್ರಾಣ ಬೇಕಲ್ಲ.

ಇಲ್ಲಿ ತರಬೇತಿ ಎಂದರೆ ಹೇಳಿಕೊಡುವುದಕ್ಕಿಂತ ಇರಿಸುವುದು. ನಿಮ್ಮ ಹಟ್ಟಿಯಲ್ಲೇ ಕುರಿ ಬಿಟ್ಟು ಕದಲದ ಹೆಣ್ಣುನಾಯಿ ಇದ್ದರೆ ಅದರ ಮರಿಯನ್ನೇ ಆರಿಸಿ. ಎರಡು ತಿಂಗಳ ಹೊತ್ತಿಗೆ ಕುರಿಮರಿಗಳ ದಡ್ಡಿಗೆ ಬಿಡಿ. ಅಲ್ಲೇ ಊಟ, ಅಲ್ಲೇ ನಿದ್ದೆ. ನೀವು ಮುಟ್ಟಿ ಮಾತಾಡಿಸಿ, ಕೈಗೆ ಸಿಗುವಂತಿರಲಿ, ಆದರೆ ಮನೆಯೊಳಗೆ ಕರೆದೊಯ್ದು ಮುದ್ದು ಮಾಡಬೇಡಿ. ಐದಾರು ತಿಂಗಳಿಗೆ ತುಂಟತನ ಶುರುವಾಗಿ ಕುರಿಯ ಕಿವಿ, ಉಣ್ಣೆ ಹಿಡಿದು ಎಳೆಯುತ್ತದೆ. ಕಂಡ ತಕ್ಷಣ ಗದರಿಸಿ ಬಿಡಿಸಿ, ಸ್ವಲ್ಪ ದಿನ ದೊಡ್ಡ ಟಗರುಗಳ ಜೊತೆ ಹಾಕಿ. ಒಂದು ಗುದ್ದು ಬಿದ್ದರೆ ಬುದ್ಧಿ ಬರುತ್ತದೆ. ಒಂದೂವರೆ ಎರಡು ವರ್ಷವಾಗುವವರೆಗೆ ಒಂಟಿಯಾಗಿ ನಂಬಬೇಡಿ.

ತೋಳ ಮೊದಲು ಬಾಯಿ ಹಾಕುವುದು ನಾಯಿಯ ಕುತ್ತಿಗೆಗೆ. ಟರ್ಕಿಯ ಕಂಗಾಲ್ ನಾಯಿಗಳಿಗೂ ಹಿಮಾಲಯದ ಗದ್ದಿ, ಭೋಟಿಯಾ ನಾಯಿಗಳಿಗೂ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುತ್ತಾರೆ. ನಿಮ್ಮೂರ ಕಮ್ಮಾರರೂ ಮಾಡಿಕೊಡಬಲ್ಲರು. ಮುಳ್ಳು ಹೊರಮುಖವಾಗಿ, ಒಳಗೆ ಮೆತ್ತನೆ ಚರ್ಮವಿರಲಿ. ಒಂದು ನಾಯಿ ಸಾಲದು, ಎರಡಾದರೂ ಬೇಕು. ಎಲ್ಲಕ್ಕೂ ರೇಬಿಸ್ ಲಸಿಕೆ ಮತ್ತು ಡಿಸ್ಟೆಂಪರ್ ಲಸಿಕೆ ಹಾಕಿಸಿ. ಈ ರೋಗಗಳು ನಾಯಿಯಿಂದ ತೋಳಕ್ಕೂ ಹಬ್ಬುತ್ತವೆ. ತೋಳಕ್ಕೆ ವಿಷ ಇಡುವ ಮಾತು ಮಾತ್ರ ಬೇಡ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು, ನಿಮ್ಮ ಜಿಲ್ಲೆಯ ಬಂಕಾಪುರದಲ್ಲಿ ಅದಕ್ಕೆಂದೇ ಧಾಮವೂ ಇದೆ. ವಿಷಕ್ಕೆ ಮೊದಲು ಸಾಯುವುದು ನಿಮ್ಮ ನಾಯಿಯೇ.

ಪ್ರಶ್ನೆ: ತಳಿ ನೋಡಿ ಕೊಂಡರೆ ಸ್ವಭಾವ ಗ್ಯಾರಂಟಿ ಅಲ್ಲವೇ? ಸೇನೆಗೇ ಹೋದ ಮುಧೋಳ ನಾಯಿ ಮನೆಕಾವಲಿಗೆ ಆಗುತ್ತದೆಯೇ? (ಹುಬ್ಬಳ್ಳಿ)

ಹುಟ್ಟುಗುಣ ಸುಟ್ಟರೂ ಹೋಗದು ನಿಜ, ಆದರೆ ಹುಟ್ಟುಗುಣವೆಂದರೆ ತಳಿಯ ಹೆಸರಲ್ಲ. ಅಮೆರಿಕದಲ್ಲಿ 18 ಸಾವಿರಕ್ಕೂ ಹೆಚ್ಚು ಸಾಕುನಾಯಿಗಳ ಮಾಲೀಕರನ್ನು ಕೇಳಿ ಮಾಡಿದ ಅಧ್ಯಯನವೊಂದು 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ನಾಯಿ ನಾಯಿಯ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ 9 ಮಾತ್ರ ಎಂದಿತು. ಸಾಕುನಾಯಿಗಳ ಲೆಕ್ಕ ಇದು. ತಲೆಮಾರುಗಳಿಂದ ಕೆಲಸ ನೋಡಿಯೇ ಕೂಡಿಸಿದ ವಂಶಗಳಿಗೆ ಇದನ್ನು ಹಾಗೇ ಅನ್ವಯಿಸಲಾರೆ. ಪೇಟೆಯಲ್ಲಿ ಸಿಗುವ ಮರಿಗೆ ಮಾತ್ರ ಚೆನ್ನಾಗಿ ಅನ್ವಯಿಸುತ್ತದೆ.

ಆದ್ದರಿಂದ ತಾಯಿಯನ್ನು ನೋಡದೆ ಮರಿ ಕೊಳ್ಳಬೇಡಿ. ನೀವು ಒಳಗೆ ಹೋದಾಗ ಅದು ಮೂಲೆ ಸೇರಿತೇ, ಹಲ್ಲು ಕಿರಿಯಿತೇ, ಬಂದು ಮೂಸಿ ಸುಮ್ಮನಾಯಿತೇ? ಮರಿಗಳಿಂದ ದೂರದಲ್ಲಿ ಬೀಗದ ಕೈಗೊಂಚಲು ನೆಲಕ್ಕೆ ಬೀಳಿಸಿ. ಎಲ್ಲವೂ ಬೆಚ್ಚುತ್ತವೆ, ತಪ್ಪಿಲ್ಲ. ಅರೆ ನಿಮಿಷದಲ್ಲಿ ತಿರುಗಿ ಬಂದು ಅದೇನೆಂದು ನೋಡುವ ಮರಿ ನನಗೆ ಇಷ್ಟ. ಇದೂ ಭವಿಷ್ಯವಾಣಿಯೇನಲ್ಲ, ತಾಯಿಯ ನಡತೆಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮುಧೋಳ ಕಣ್ಣಿನಿಂದ ಬೇಟೆ ಹಿಡಿಯುವ, ಮೊಲದ ಹಿಂದೆ ಓಡಲು ಹುಟ್ಟಿದ ನಾಯಿ. 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದ ಮರಿಗಳು ಆರಿಸಿ ಕಳಿಸಿದವು. ಅಪರಿಚಿತರಿಂದ ದೂರವಿರುವುದು ಅದರ ಗುಣ, ಹೀಗಾಗಿ ಮನೆಯ ಸುತ್ತ ಎಚ್ಚರಿಕೆಗೆ ಚೆನ್ನಾಗಿಯೇ ಒದಗುತ್ತದೆ; ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒದಗುತ್ತಲೇ ಇದೆ. ಹೊಡೆದು ಕಲಿಸಲು ಹೋದರೆ ಮಾತ್ರ ಮನಸ್ಸು ಮುರಿದುಕೊಂಡು ನಿಮ್ಮ ಕೈಗೇ ಸಿಗುವುದಿಲ್ಲ. ಓಡಲು ಬೇಲಿ ಹಾಕಿದ ಬಯಲಿದ್ದರೆ ತನ್ನಿ.

ಪ್ರಶ್ನೆ: ‘ನಾಯಿ ಇದೆ ಎಚ್ಚರಿಕೆ’ ಎಂದು ಬೋರ್ಡ್ ಹಾಕಿದ್ದೇವೆ. ಕಚ್ಚಿದರೆ ನಮ್ಮ ಮೇಲೆ ಕೇಸು ಬರುವುದಿಲ್ಲ ತಾನೆ? ರಾಟ್‌ವೀಲರ್ ಸಾಕುವುದೇ ನಿಷಿದ್ಧ ಎಂದೂ ಕೇಳಿದೆ. (ಮೈಸೂರು)

ರಾಟ್‌ವೀಲರ್ ಸೇರಿದಂತೆ 23 ತಳಿಗಳ ಮೇಲಿನ ನಿರ್ಬಂಧದ ಸುತ್ತೋಲೆಯನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2024ರ ಮಾರ್ಚ್‌ನಲ್ಲಿ. ಮರು ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಬೋರ್ಡ್ ಹಾಕಿದ ಮಾತ್ರಕ್ಕೆ ನೀವು ಪಾರಾಗುವುದಿಲ್ಲ. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಇಲ್ಲವೇ ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ವಿದ್ಯುತ್ ಮೀಟರ್, ಹಾಲಿನ ಚೀಲ, ಕರೆಗಂಟೆ ಮೂರನ್ನೂ ನಾಯಿ ತಲುಪದ ಕಡೆಗೆ ಸ್ಥಳಾಂತರಿಸಿ. ರೇಬಿಸ್ ಲಸಿಕೆಯ ಚೀಟಿ ಮನೆಯಲ್ಲಿ ಎಲ್ಲಿದೆ ಎಂಬುದು ನಿಮ್ಮೊಬ್ಬರಿಗಲ್ಲ, ಎಲ್ಲರಿಗೂ ಗೊತ್ತಿರಲಿ.