‘ರಿಪೋರ್ಟ್ ನಾರ್ಮಲ್ ಇತ್ತಲ್ಲ, ಮತ್ತೆ ಹೇಗೆ ಬಂತು?’

ಈ ಪ್ರಶ್ನೆ ಇಟ್ಟುಕೊಂಡು ನನ್ನ ಹತ್ತಿರ ಮಾತಾಡಲು ಬರುವ ಕ್ಯಾನ್ಸರ್ ರೋಗಿಗಳು ಕಡಿಮೆಯೇನಿಲ್ಲ. ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ಮಾಡಿಸಿರುತ್ತಾರೆ, ಏನೂ ಇಲ್ಲ ಅನ್ನಿಸಿಕೊಂಡಿರುತ್ತಾರೆ. ಮುಂದಿನ ತಪಾಸಣೆ ಬರುವ ಮೊದಲೇ ಸ್ತನದಲ್ಲಿ ಗಂಟು ಸಿಗುತ್ತದೆ. ಹೀಗೆ ಎರಡು ತಪಾಸಣೆಗಳ ನಡುವೆ ಪತ್ತೆಯಾಗುವ ಕ್ಯಾನ್ಸರನ್ನು ವೈದ್ಯರು ಇಂಟರ್ವಲ್ ಕ್ಯಾನ್ಸರ್ ಅನ್ನುತ್ತಾರೆ. ಹೇಳಿದ್ದನ್ನೆಲ್ಲ ತಪ್ಪದೆ ಮಾಡಿದವರಿಗೆ ಹೀಗಾದಾಗ ಅವರ ಸಂಕಟವೇ ಬೇರೆ.

ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬೆಂಗಳೂರಿನವರು, ಐವತ್ತು ದಾಟಿದೆ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಪ್ರತಿ ವರ್ಷ ಮ್ಯಾಮೊಗ್ರಾಂ ಆಗುತ್ತಿತ್ತು. ನಾರ್ಮಲ್ ಅಂತ ಬಂದ ಕೆಲವೇ ತಿಂಗಳಿಗೆ, ಸ್ನಾನ ಮಾಡುವಾಗ ಗಂಟು ಕೈಗೆ ತಾಗಿತು. ರಿಪೋರ್ಟ್ ಚೆನ್ನಾಗಿದೆಯಲ್ಲ ಅಂತ ಎರಡು ತಿಂಗಳು ಸುಮ್ನೆ ಇದ್ದರು. ಕೀಮೋ ಶುರುವಾದ ಮೇಲೆ ಗಂಡನ ಜೊತೆ ನನ್ನ ಹತ್ತಿರ ಬಂದರು.

ಮೊದಲ ಭೇಟಿಯಲ್ಲಿ ಜಾಸ್ತಿ ಮಾತಿಲ್ಲ. ಎರಡನೇ ಸಲ ಕೂತವರೇ ಶುರು ಮಾಡಿದರು. ‘ನಮ್ಮಕ್ಕ ಒಂದು ಸಲವೂ ಮಾಡಿಸಿಲ್ಲ, ಗಟ್ಟಿಮುಟ್ಟಾಗಿದ್ದಾಳೆ. ವರ್ಷಾ ವರ್ಷಾ ಮಾಡಿಸಿದ ನನಗೆ ಇದು. ತಂಗಿಗೆ ಹೇಳಿಬಿಟ್ಟಿದ್ದೀನಿ, ಆ ಮಷೀನಿನ ಹತ್ತಿರ ಹೋಗಲೇಬೇಡ ಅಂತ. ನನಗೆ ಒಂದೇ ಗೊತ್ತಾಗಬೇಕು. ಅವತ್ತು ಅದು ಅಲ್ಲಿತ್ತಾ, ಇರಲಿಲ್ವಾ?’

ಗಂಡ ತಡೆದರು. ‘ಆಗಿದ್ದು ಆಗೋಯ್ತು. ಈಗ ಅದೆಲ್ಲ ಯಾಕೆ?’

ನಾನು ಫೈಲ್ ತೆಗೆಯಲು ಹೇಳಿದೆ. ಹಳೇ ರಿಪೋರ್ಟಿನ ಕೊನೇ ಸಾಲು ಅವರಿಗೆ ಬಾಯಿಪಾಠವಾಗಿತ್ತು: ಬೈರಾಡ್ಸ್ 1, ಅಂದರೆ ಅನುಮಾನ ಪಡುವಂಥದ್ದು ಏನೂ ಕಂಡಿಲ್ಲ. ಅದಕ್ಕಿಂತ ಮೇಲೆ, ಸಣ್ಣ ಅಕ್ಷರದಲ್ಲಿ, ‘ಡೆನ್ಸಿಟಿ ಸಿ’ ಅಂತಿತ್ತು. ಅಲ್ಲಿ ಬೆರಳಿಟ್ಟೆ. ‘ಇದೇನು?’ ಅಂದರು. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಸ್ತನದ ದಟ್ಟತನವನ್ನು ಎ ಇಂದ ಡಿ ವರೆಗೆ ಗುರುತಿಸುತ್ತಾರೆ. ಸಿ, ಡಿ ಅಂದರೆ ಕೊಬ್ಬು ಕಡಿಮೆ, ಗ್ರಂಥಿ ಮತ್ತು ನಾರಿನ ಭಾಗ ಜಾಸ್ತಿ. ಮ್ಯಾಮೊಗ್ರಾಂನಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಗ್ರಂಥಿ ಬೆಳ್ಳಗೆ. ಗಂಟೂ ಬೆಳ್ಳಗೆ. ಅವರೇ ಅಂದರು: ‘ಅಕ್ಕಿಯಲ್ಲಿ ಬಿಳಿ ಕಲ್ಲು ಆರಿಸಿದ ಹಾಗೆ.’ ಹೌದು ಅಂದೆ. ಇದರ ಜೊತೆ ಬೇಗ ಬೆಳೆಯುವ ಕ್ಯಾನ್ಸರುಗಳೂ ಇವೆ. ಅವತ್ತು ನಿಜವಾಗಿಯೂ ಕಾಣುವಷ್ಟು ಇಲ್ಲದೆ, ಆಮೇಲೆ ತಿಂಗಳುಗಳಲ್ಲೇ ಬೆಳೆದುಬಿಡುತ್ತವೆ. ನಿಮ್ಮದು ಯಾವುದು ಅಂತ ತಿಳಿಯಬೇಕಾದರೆ ಹಳೇ ಚಿತ್ರಗಳ ಸಿಡಿ ಕೇಳಿ ಪಡೆಯಿರಿ, ಇಂಥ ಚಿತ್ರಗಳನ್ನು ಓದುವ ಬೇರೊಬ್ಬ ವೈದ್ಯರಿಗೆ (ರೇಡಿಯಾಲಜಿಸ್ಟ್) ತೋರಿಸಿ. ಆದರೆ ಅದಕ್ಕಾಗಿ ಒಂದು ಕೀಮೋ ಕೂಡ ಮುಂದಕ್ಕೆ ಹೋಗಬಾರದು.

ಈ ಸಲಹೆಗೆ ನನ್ನ ಜೊತೆ ಕೆಲಸ ಮಾಡುವವರೇ ಆಕ್ಷೇಪ ಎತ್ತಿದರು. ಚಿಕಿತ್ಸೆಯ ನಡುವೆ ಕೋಪಕ್ಕೆ ತುಪ್ಪ ಸುರಿದ ಹಾಗಲ್ವಾ ಅಂದರು. ನನಗೆ ಹಾಗನ್ನಿಸುವುದಿಲ್ಲ. ಬ್ರಿಟನ್ನಿನ ಸರ್ಕಾರಿ ತಪಾಸಣೆಯಲ್ಲಿ 50 ದಾಟಿದ ಮಹಿಳೆಯರನ್ನು ಮೂರು ವರ್ಷಕ್ಕೊಮ್ಮೆ ಕರೆಯುತ್ತಾರೆ. ನಡುವೆ ಕ್ಯಾನ್ಸರ್ ಬಂದರೆ ಹಳೇ ಚಿತ್ರಗಳನ್ನು ಮತ್ತೆ ನೋಡುತ್ತಾರೆ, ಏನು ಕಂಡಿತು ಅಂತ ರೋಗಿಗೂ ತಿಳಿಸುವ ವ್ಯವಸ್ಥೆ ಇದೆ. ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಿಂದ ಸ್ತನ ದಟ್ಟವಾಗಿದೆಯಾ ಇಲ್ವಾ ಅಂತ ಪ್ರತಿಯೊಬ್ಬರಿಗೂ ಬರೆದು ತಿಳಿಸಲೇಬೇಕು. ನಮ್ಮವರಿಗೆ ಮಾತ್ರ ಸತ್ಯ ತಡೆದುಕೊಳ್ಳುವ ಶಕ್ತಿ ಇಲ್ಲ ಅಂತ ಯಾಕೆ ಅಂದುಕೊಳ್ಳಬೇಕು? ಕೋಪ ಬಂದರೆ ಬರಲಿ, ಅದರ ಜೊತೆ ನಾನು ಕೂತು ಮಾತಾಡಬಲ್ಲೆ. ಉತ್ತರವಿಲ್ಲದ ಅನುಮಾನ ರಾತ್ರಿ ನಿದ್ದೆ ಕೆಡಿಸುತ್ತದೆ, ಕೊನೆಗೆ ಔಷಧಿಯ ಮೇಲಿನ ನಂಬಿಕೆಯನ್ನೂ ತಿನ್ನುತ್ತದೆ.

ತಂಗಿಯ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿಯೇ ಹೇಳಿದೆ. ಮ್ಯಾಮೊಗ್ರಾಂ ಬಿಡಿಸುವುದು ಇದಕ್ಕೆ ಪರಿಹಾರವಲ್ಲ. ಅಕ್ಕನಿಗೆ ಬಂದಿದೆ ಅಂದ ಮೇಲೆ ಅವರು ಇನ್ನೂ ಹುಷಾರಾಗಿರಬೇಕು. ಡೆನ್ಸಿಟಿ ಕೇಳಬೇಕು, ದಟ್ಟ ಇದ್ದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕಾ ಅಂತ ವೈದ್ಯರನ್ನು ಕೇಳಬೇಕು. ನೆದರ್ಲೆಂಡ್ಸ್‌ನಲ್ಲಿ ತುಂಬಾ ದಟ್ಟ ಸ್ತನ ಇರುವವರನ್ನು ಎಂಆರ್‌ಐಗೂ ಕರೆದು ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಮ್ಯಾಮೊಗ್ರಾಂ ಮಾತ್ರ ಇದ್ದ ಗುಂಪಿನಲ್ಲಿ ನಡುವೆ ಪತ್ತೆಯಾದ ಕ್ಯಾನ್ಸರ್ ಸಾವಿರಕ್ಕೆ 5, ಎಂಆರ್‌ಐಗೆ ಕರೆದ ಗುಂಪಿನಲ್ಲಿ 2.5.

ಗಂಟು ಕೈಗೆ ಸಿಕ್ಕರೆ, ಮೊಲೆತೊಟ್ಟು ಒಳಗೆ ಎಳೆದುಕೊಂಡರೆ, ಚರ್ಮ ಗುಳಿ ಬಿದ್ದರೆ ಆ ವಾರವೇ ತೋರಿಸಿ. ಹೋದ ತಿಂಗಳ ರಿಪೋರ್ಟ್ ನಾರ್ಮಲ್ ಇದ್ದರೂ ತೋರಿಸಿ. ಆ ರಿಪೋರ್ಟ್ ಅವತ್ತಿನದು, ಗಂಟು ಇವತ್ತಿನದು.

ಹಳೇ ಚಿತ್ರಗಳನ್ನು ನೋಡಿದ ವೈದ್ಯರು, ಈಗ ಜಾಗ ಗೊತ್ತಿರುವುದರಿಂದ ಏನೋ ಮಸುಕಾಗಿ ಇದ್ದಂತಿದೆ, ಅವತ್ತು ನಾನಾದರೂ ಬಿಟ್ಟುಬಿಡುತ್ತಿದ್ದೆನೇನೋ ಅಂದರಂತೆ. ಆಕೆ ಬಂದು ನನ್ನೆದುರು ಜೋರಾಗಿ ಅತ್ತರು, ಬೈದರು. ಕೀಮೋ ಒಂದೂ ತಪ್ಪಿಸಲಿಲ್ಲ. ತಂಗಿಗೆ ತಾವೇ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತೆಗೆಸಿಕೊಟ್ಟರು.