ಓದುಗರ ಪ್ರಶ್ನೆ, ನಮ್ಮ ಉತ್ತರ: ಕೋಜಿ ಮಿಸ್ಟರಿ ಸರಣಿಗಳು

ಕೋಜಿ ಮಿಸ್ಟರಿ, ಅಂದರೆ ರಕ್ತಪಾತದ ವರ್ಣನೆಯಿಲ್ಲದ ಹಗುರ ಪತ್ತೇದಾರಿ ಕಥೆಗಳ ಸರಣಿಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ. ನಿಶ್ಚಿಂತೆಯಿಂದ ಓದಿ, ಯಾವ ಪುಸ್ತಕದ ಕೊಲೆಗಾರನ ಹೆಸರನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ.

ಪ್ರಶ್ನೆ: ಪತ್ತೇದಾರಿ ಕಾದಂಬರಿ ಎಂದು ಕೊಂಡರೆ ಕೆಲವೊಮ್ಮೆ ಪುಟಪುಟಕ್ಕೂ ರಕ್ತ. ಕೈಯಲ್ಲಿರುವುದು ಕೋಜಿ ಹೌದೋ ಅಲ್ಲವೋ ಎಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ಹಿಂಬದಿಯ ಪರಿಚಯ ಓದುವಾಗ ಪತ್ತೆ ಮಾಡುವವರು ಯಾರೆಂದು ಮೊದಲು ನೋಡಿ. ಕೋಜಿಯಲ್ಲಿ ಅವರು ಸಾಮಾನ್ಯವಾಗಿ ಪೊಲೀಸರಲ್ಲ. ಬೇಕರಿ ನಡೆಸುವವರು, ಗ್ರಂಥಪಾಲಕಿ, ನಿವೃತ್ತ ಮೇಷ್ಟ್ರು, ಹೀಗೆ ಬೇರೆ ಕೆಲಸವಿದ್ದೂ ಮೂಗು ತೂರಿಸುವ ಜನ. ಕೊಲೆ ನಡೆಯುವುದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಜಾಗದಲ್ಲಿ: ಒಂದು ಹಳ್ಳಿ, ಒಂದು ಕಾಲೇಜು, ಒಂದು ಹೋಟೆಲು. ಮುಖಪುಟದ ಮೇಲಿನ ಬೆಕ್ಕು, ಕೇಕುಗಳನ್ನು ಪೂರ್ತಿ ನಂಬಬೇಡಿ. ಅದಕ್ಕಿಂತ ಖಚಿತವಾದ ಪರೀಕ್ಷೆ ಇದೆ. ಶವ ಸಿಗುವ ಪುಟವನ್ನು ಹುಡುಕಿ ಓದಿ. ಹೆಚ್ಚಾಗಿ ಅದು ಮೊದಲ ಕೆಲವು ಅಧ್ಯಾಯಗಳಲ್ಲೇ ಇರುತ್ತದೆ. ಗಾಯದ ವರ್ಣನೆ ಒಂದೆರಡು ವಾಕ್ಯದಲ್ಲಿ ಮುಗಿದು, ಮಾತು ತಕ್ಷಣ "ಯಾರು, ಯಾಕೆ" ಎಂಬುದಕ್ಕೆ ಹೊರಳಿದರೆ ಅದು ಕೋಜಿ. ವರ್ಣನೆ ಪ್ಯಾರಾದಿಂದ ಪ್ಯಾರಾಕ್ಕೆ ಬೆಳೆದರೆ ಕೆಳಗಿಡಿ.

ನಡುವೆ ನಿಲ್ಲುವ ಸರಣಿಗಳೂ ಇವೆ. ಲೂಯಿಸ್ ಪೆನ್ನಿಯವರ ಕೆನಡಾದ ಸರಣಿ (ಮೊದಲ ಪುಸ್ತಕ 2005) ನಡೆಯುವುದು ಥ್ರೀ ಪೈನ್ಸ್ ಎಂಬ ಪುಟ್ಟ ಹಳ್ಳಿಯಲ್ಲಿ, ಆದರೆ ನಾಯಕ ಪೊಲೀಸ್ ಅಧಿಕಾರಿ. ಹಳ್ಳಿಯ ಆಪ್ತತೆಗಾಗಿ ಕೋಜಿ ಓದುಗರು ಅದನ್ನು ತಮ್ಮದೆಂದೇ ಎಣಿಸುತ್ತಾರೆ. ಮುಂದಿನ ಪುಸ್ತಕಗಳು ಹೆಚ್ಚು ಗಾಢವಾಗುತ್ತವೆ ಎಂಬುದು ಗೊತ್ತಿದ್ದರೆ ಸಾಕು.

ಪ್ರಶ್ನೆ: ಇಪ್ಪತ್ತು ಮೂವತ್ತು ಪುಸ್ತಕಗಳ ಸರಣಿಯನ್ನು ಎಲ್ಲಿಂದ ಶುರು ಮಾಡಬೇಕು? ಕ್ರಮವಾಗಿಯೇ ಓದಬೇಕೆ?

ಉತ್ತರ: ಒಗಟಿಗೆ ಕ್ರಮ ಬೇಡ, ಜನರಿಗೆ ಬೇಕು. ಕೊಲೆಯ ಕಥೆ ಪ್ರತಿ ಪುಸ್ತಕದಲ್ಲೂ ಅಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ಸ್ನೇಹ, ಮದುವೆ, ಮುನಿಸು, ವಯಸ್ಸಾಗುವುದು ಮಾತ್ರ ಒಂದರಿಂದ ಇನ್ನೊಂದಕ್ಕೆ ಹರಿದು ಬರುತ್ತವೆ. ಸರಣಿಯ ನಿಜವಾದ ಸುಖ ಇರುವುದೂ ಅಲ್ಲಿಯೇ. ಹಾಗಾಗಿ ಆ ಹರಿವು ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೆ ಕ್ರಮವನ್ನು ನಿರ್ಧರಿಸಿ.

ಅಗಾಥಾ ಕ್ರಿಸ್ಟಿಯವರ ವಯಸ್ಸಾದ ಹವ್ಯಾಸಿ ಪತ್ತೇದಾರಿಣಿ ಮಿಸ್ ಮಾರ್ಪಲ್‌ಗೆ 12 ಕಾದಂಬರಿಗಳು. ಮೊದಲನೆಯದು 1930ರದು. ಎಲ್ಲಿಂದ ಹಿಡಿದರೂ ನಡೆಯುತ್ತದೆ, ಒಂದೇ ಒಂದು ಜೋಡಿಯನ್ನು ಬಿಟ್ಟು: 'ನೆಮೆಸಿಸ್' (1971) ಓದುವ ಮೊದಲು 'ಎ ಕೆರಿಬಿಯನ್ ಮಿಸ್ಟರಿ' (1964) ಮುಗಿದಿರಲಿ, ಅಲ್ಲಿ ಪರಿಚಯವಾದವರ ನೆನಪಿನ ಮೇಲೆಯೇ ಇದು ನಿಂತಿದೆ. ಕೊನೆಯದಾಗಿ 1976ರಲ್ಲಿ ಅಚ್ಚಾದ 'ಸ್ಲೀಪಿಂಗ್ ಮರ್ಡರ್' ಬರೆದದ್ದು ಬಹಳ ಹಿಂದೆ. ಆದ್ದರಿಂದ ಅದರಲ್ಲಿ ಮಾರ್ಪಲ್ ಇದ್ದಕ್ಕಿದ್ದಂತೆ ಚುರುಕಾಗಿ ಓಡಾಡುವುದು ಕಂಡರೆ ಗಾಬರಿಯಾಗಬೇಡಿ.

ಡೊರೊಥಿ ಸೇಯರ್ಸ್ ಅವರ ಪತ್ತೇದಾರ ಲಾರ್ಡ್ ಪೀಟರ್ ವಿಷಯ ಬೇರೆ. ಅವನು ಪ್ರೀತಿಸುವ ಹ್ಯಾರಿಯೆಟ್ ವೇನ್ ಬರುವ ನಾಲ್ಕು ಕಾದಂಬರಿಗಳು ಒಂದೇ ಪ್ರೇಮಕಥೆಯ ನಾಲ್ಕು ಭಾಗ ಇದ್ದಂತೆ: 'ಸ್ಟ್ರಾಂಗ್ ಪಾಯ್ಸನ್' (1930), 'ಹ್ಯಾವ್ ಹಿಸ್ ಕಾರ್ಕೇಸ್' (1932), 'ಗಾಡಿ ನೈಟ್' (1935), 'ಬಸ್‌ಮನ್ಸ್ ಹನಿಮೂನ್' (1937). ಇವನ್ನು ಅದಲುಬದಲು ಮಾಡಿದರೆ, ವರ್ಷಗಟ್ಟಲೆ ಕಾದು ಬಂದ ಒಂದು ಒಪ್ಪಿಗೆ ಕಾಯುವ ಮೊದಲೇ ಕೈಗೆ ಬಂದುಬಿಡುತ್ತದೆ. ದಯವಿಟ್ಟು ಕ್ರಮ ತಪ್ಪಿಸಬೇಡಿ.

ಕ್ರಮ ತಪ್ಪಿದರೆ ಒಗಟೇ ಹಾಳಾಗುವುದೂ ಅಪರೂಪಕ್ಕೆ ಉಂಟು. ಕ್ರಿಸ್ಟಿಯವರ ಇನ್ನೊಬ್ಬ ಪತ್ತೇದಾರ ಪೊಯ್ರೊನ ಸರಣಿಯ 'ಡಂಬ್ ವಿಟ್‌ನೆಸ್' (1937) ಪುಸ್ತಕದಲ್ಲಿ ಅವನು ಹಿಂದಿನ ಕೆಲವು ಪ್ರಕರಣಗಳ ಕೊಲೆಗಾರರ ಹೆಸರನ್ನು ಮಾತಿನ ಮಧ್ಯೆ ಹೇಳಿಬಿಡುತ್ತಾನೆ. 1936ರ 'ಕಾರ್ಡ್ಸ್ ಆನ್ ದ ಟೇಬಲ್' ಓರಿಯೆಂಟ್ ಎಕ್ಸ್‌ಪ್ರೆಸ್ ಪ್ರಕರಣದ ಗುಟ್ಟಿನ ಕಡೆಗೆ ಬೆರಳು ತೋರಿಸುತ್ತದೆ. ಇವೆರಡನ್ನೂ ತಡವಾಗಿ ಓದಿ.

ಮೊದಲ ಪುಸ್ತಕ ಹಿಡಿಸದಿದ್ದರೆ ಸರಣಿಯನ್ನೇ ಬಿಡಬೇಡಿ. ಲಿಲಿಯನ್ ಜಾಕ್ಸನ್ ಬ್ರಾನ್ ಅವರ ಬೆಕ್ಕಿನ ಸರಣಿಯ ಮೊದಲ ಮೂರು 1966ರಿಂದ 1968ರ ನಡುವೆ ಬಂದವು, ನಾಲ್ಕನೆಯದು ಬಂದದ್ದು 1986ರಲ್ಲಿ. ಓದುಗರು ಪ್ರೀತಿಸುವ ಮೂಸ್ ಕೌಂಟಿ ಎಂಬ ಸೀಮೆ ಕಾಣಿಸಿಕೊಳ್ಳುವುದೇ ಐದನೆಯದರಲ್ಲಿ. ಮೊದಲನೆಯದು ಸಪ್ಪೆ ಎನಿಸಿದರೆ ಮೂರನೆಯದೋ ಐದನೆಯದೋ ಓದಿ, ಆಮೇಲೆ ತೀರ್ಮಾನಿಸಿ.

ಇನ್ನೊಂದು ಎಚ್ಚರಿಕೆ. ಒಂದೇ ಪುಸ್ತಕ ಬ್ರಿಟನ್ನಿನಲ್ಲಿ ಒಂದು ಹೆಸರಲ್ಲಿ, ಅಮೆರಿಕದಲ್ಲಿ ಇನ್ನೊಂದು ಹೆಸರಲ್ಲಿ ಬಂದಿರುತ್ತದೆ. ಕ್ರಿಸ್ಟಿಯವರ '4.50 ಫ್ರಮ್ ಪ್ಯಾಡಿಂಗ್ಟನ್' (1957) ಅಮೆರಿಕದಲ್ಲಿ 'ವಾಟ್ ಮಿಸೆಸ್ ಮೆಕ್‌ಗಿಲಿಕಡಿ ಸಾ!' ಆಯಿತು. 'ಲಾರ್ಡ್ ಎಡ್ಜ್‌ವೇರ್ ಡೈಸ್' ಅಲ್ಲಿ 'ಥರ್ಟೀನ್ ಅಟ್ ಡಿನ್ನರ್'. ಹಳೆಯ ಪುಸ್ತಕ ಕೊಳ್ಳುವವರು ಹೀಗೆ ಒಂದನ್ನೇ ಎರಡು ಸಲ ಕೊಳ್ಳುವುದುಂಟು. ಶೀರ್ಷಿಕೆಪುಟದ ಹಿಂದಿನ ಹಕ್ಕುಸ್ವಾಮ್ಯದ ಪುಟದಲ್ಲಿ ಮೊದಲ ಮುದ್ರಣದ ವರ್ಷ ಮತ್ತು ಹಿಂದಿನ ಹೆಸರು ಇದೆಯೇ ಎಂದು ನೋಡಿ.

ಪ್ರಶ್ನೆ: ಎಷ್ಟು ಓದಿದರೂ ಒಮ್ಮೆಯೂ ಕೊಲೆಗಾರ ಯಾರೆಂದು ಕಂಡುಹಿಡಿಯಲು ಆಗಿಲ್ಲ. ಸುಳಿವು ಹಿಡಿಯುವುದನ್ನು ಕಲಿಯಬಹುದೇ?

ಉತ್ತರ: ಖಂಡಿತ ಕಲಿಯಬಹುದು. ಸುಳಿವನ್ನು ಲೇಖಕರು ಎಲ್ಲಿ ಬಚ್ಚಿಡುತ್ತಾರೆಂದು ತಿಳಿದರೆ ಅರ್ಧ ಕೆಲಸ ಆಯಿತು.

ಹೆಚ್ಚು ಬಳಕೆಯ ಜಾಗ ಎಂದರೆ ಪಟ್ಟಿಯ ನಡುಭಾಗ. ಈ ವಾಕ್ಯ ನೋಡಿ: "ಮೇಜಿನ ಮೇಲೆ ಕನ್ನಡಕ, ಅರ್ಧ ಓದಿದ ಪುಸ್ತಕ, ಎರಡು ಕಾಫಿ ಲೋಟ, ಬಾಡಿದ ಹೂವು, ಹನ್ನೊಂದೂ ಹತ್ತಕ್ಕೆ ನಿಂತುಹೋದ ಗಡಿಯಾರ." ಕಣ್ಣು ನೇರ ಗಡಿಯಾರಕ್ಕೆ ಹೋಗುತ್ತದೆ, ಅದನ್ನು ಕೊನೆಯಲ್ಲಿಟ್ಟು ಸಮಯವನ್ನೂ ಹೇಳಿರುವುದು ಅದಕ್ಕಾಗಿಯೇ. ಆದರೆ ಸತ್ತವರು ಒಂಟಿಯಾಗಿದ್ದರು, ಆ ಸಂಜೆ ಯಾರೂ ಬಂದಿರಲಿಲ್ಲ ಎಂದು ಹಿಂದಿನ ಅಧ್ಯಾಯದಲ್ಲಿ ಯಾರೋ ಹೇಳಿದ್ದರೆ, ಕೆಲಸದ ಸುಳಿವು ಎರಡನೆಯ ಲೋಟ. ಐದು ವಸ್ತುಗಳ ಪಟ್ಟಿ ಬಂದಾಗಲೆಲ್ಲ ಮೂರನೆಯದರ ಮೇಲೆ ಒಂದು ಕ್ಷಣ ನಿಲ್ಲಿ.

ಇನ್ನೊಂದು ಜಾಗ ಅರ್ಧಕ್ಕೆ ನಿಂತ ಮಾತು. ಯಾರೋ ಏನೋ ಹೇಳುತ್ತಿರುವಾಗ ಫೋನ್ ಬರುತ್ತದೆ, ಹಾಲು ಉಕ್ಕುತ್ತದೆ, ನಾಯಿ ಬೊಗಳುತ್ತದೆ. ಗದ್ದಲದಲ್ಲಿ ಓದುಗರು ಮುಂದೆ ಸಾಗುತ್ತಾರೆ. ಗದ್ದಲಕ್ಕೆ ಮುಂಚಿನ ಕೊನೆಯ ವಾಕ್ಯವನ್ನು ಮತ್ತೊಮ್ಮೆ ಓದಿ.

ಸಾಕ್ಷಿ ಹೇಳಿದ್ದಕ್ಕೂ ನಾವು ಅರ್ಥ ಮಾಡಿಕೊಂಡದ್ದಕ್ಕೂ ಇರುವ ಅಂತರವಂತೂ ಈ ಪ್ರಕಾರದ ಜೀವಾಳ. "ಹತ್ತು ಗಂಟೆಗೆ ಅವರ ದನಿ ಕೇಳಿಸಿತು" ಎಂದರೆ ಹತ್ತು ಗಂಟೆಗೆ ಅವರು ಬದುಕಿದ್ದರು ಎಂದಲ್ಲ. ಮುಚ್ಚಿದ ಬಾಗಿಲಿನ ಹಿಂದಿನಿಂದ ಒಂದು ದನಿ ಕೇಳಿಸಿತು ಎಂದಷ್ಟೇ. ಕಂಡದ್ದೆಷ್ಟು, ಕೇಳಿದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬಿಡಿಸಿ ನೋಡಿ.

ಎಲ್ಲಕ್ಕಿಂತ ಫಲ ಕೊಡುವ ಅಭ್ಯಾಸ ಒಂದಿದೆ: ಶವ ಸಿಕ್ಕಿದ ಕೂಡಲೇ ಓದು ನಿಲ್ಲಿಸಿ, ಮೊದಲ ಎರಡು ಅಧ್ಯಾಯ ತಿರುವಿ ಹಾಕಿ. ಕೊಲೆಗೆ ಮುಂಚೆ ನಮ್ಮ ಕಣ್ಣು ಎಚ್ಚರವಾಗಿರುವುದಿಲ್ಲ, ಅದಕ್ಕೇ ಜಾಣ ಲೇಖಕರು ಮುಖ್ಯ ಸುಳಿವನ್ನು ಅಲ್ಲಿಯೇ ಇಟ್ಟಿರುತ್ತಾರೆ.

ಬರೆದಿಟ್ಟುಕೊಳ್ಳಲು ಒಂದು ಹಾಳೆ ಸಾಕು. ನಾಲ್ಕು ಕಾಲಂ: ಹೆಸರು, ಎಲ್ಲಿದ್ದೆನೆಂದು ಅವರೇ ಹೇಳಿದ್ದು, ಅದನ್ನು ಬೇರೆ ಯಾರು ಕಂಡಿದ್ದಾರೆ, ಈ ಸಾವಿನಿಂದ ಅವರಿಗೇನು ಲಾಭ. ನಿಮ್ಮ ಅನುಮಾನವನ್ನು ಬರೆಯಬೇಡಿ, ಪುಸ್ತಕದಲ್ಲಿರುವುದನ್ನು ಮಾತ್ರ ಬರೆಯಿರಿ. ಮೂರನೆಯ ಕಾಲಂ ಖಾಲಿ ಉಳಿದವರ ಮೇಲೆ ಗಮನವಿರಲಿ. ಪತ್ತೇದಾರರು "ಎಂಥ ದಡ್ಡತನ, ಇಷ್ಟು ದಿನ ಹೊಳೆಯಲೇ ಇಲ್ಲವಲ್ಲ" ಎನ್ನುವ ಅಥವಾ ಎಲ್ಲರನ್ನೂ ಒಂದೆಡೆ ಸೇರಿಸುವ ಹಂತ ಬಂದಾಗ ಪುಸ್ತಕ ಮುಚ್ಚಿ, ಒಂದು ಹೆಸರು ಮತ್ತು ಒಂದು ಕಾರಣ ಬರೆಯಿರಿ. ಕಾರಣವಿಲ್ಲದ ಹೆಸರು ಲೆಕ್ಕಕ್ಕಿಲ್ಲ.

ಹೊಸಬರು ಸಾಮಾನ್ಯವಾಗಿ ಎಡವುವುದು ಎಲ್ಲರಿಗಿಂತ ಕೆಟ್ಟವನನ್ನೇ ಶಂಕಿಸುವುದರಲ್ಲಿ. ಆ ಮನುಷ್ಯ ಬಹುತೇಕ ದಿಕ್ಕು ತಪ್ಪಿಸಲು ಬಂದವನು, ಇಲ್ಲವೇ ಮುಂದೆ ಸಾಯುವವನು. ಸ್ವಲ್ಪ ಪಳಗಿದವರು ಎಲ್ಲರಿಗಿಂತ ಸಂಭಾವಿತರನ್ನು ಹಿಡಿಯುತ್ತಾರೆ. ಅದೂ ಊಹೆಯೇ, ಪತ್ತೆಯಲ್ಲ.

ಎಲ್ಲ ಸರಣಿಗಳೂ ನ್ಯಾಯವಾಗಿ ಆಡುವುದಿಲ್ಲ ಎಂಬುದನ್ನೂ ಹೇಳಬೇಕು. ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಬರೆದ ಹತ್ತು ನಿಯಮಗಳಲ್ಲಿ, ಅಪರಾಧಿ ಕಥೆಯ ಆರಂಭದಲ್ಲೇ ಬಂದಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು ಎಂಬುವೂ ಸೇರಿವೆ. ಇಂದಿನ ಕೆಲವು ಹಾಸ್ಯಪ್ರಧಾನ ಸರಣಿಗಳಲ್ಲಿ ಕೊಲೆಗಾರ ತಾನಾಗಿಯೇ ಬಂದು ನಾಯಕಿಯನ್ನು ಮೂಲೆಗೊತ್ತಿದಾಗ ಮಾತ್ರ ಗುಟ್ಟು ಹೊರಬೀಳುತ್ತದೆ. ಅಂಥವಕ್ಕೆ ಹಾಳೆ ಬೇಡ. ಮಾತುಕತೆ ಸವಿಯಿರಿ.

ಪ್ರಶ್ನೆ: ಕೊಲೆಯ ಕಥೆ ಓದಿ ಮನಸ್ಸಿಗೆ ಹಿತವೆನಿಸುತ್ತದೆ ಎಂದರೆ ಮನೆಯವರು ವಿಚಿತ್ರವಾಗಿ ನೋಡುತ್ತಾರೆ. ಇದು ಸರಿಯೇ?

ಉತ್ತರ: ಸರಿಯೇ. ಹಿತ ಕೊಡುವುದು ಕೊಲೆಯಲ್ಲ, ಕೊಲೆಗೆ ಉತ್ತರವಿದೆ ಎಂಬ ಭರವಸೆ. ಬದುಕಿನಲ್ಲಿ ಅನೇಕ ಅನ್ಯಾಯಗಳು ಬಗೆಹರಿಯದೆ ಉಳಿಯುತ್ತವೆ. ಇಲ್ಲಿ ಕೊನೆಯ ಅಧ್ಯಾಯದೊಳಗೆ ಸತ್ಯ ಹೊರಬರುತ್ತದೆ, ನಿರಪರಾಧಿಯ ಮೇಲಿನ ಅನುಮಾನ ತೊಳೆದುಹೋಗುತ್ತದೆ. ಜೊತೆಗೆ ಯಾರೂ ಲೆಕ್ಕಕ್ಕಿಡದ ವ್ಯಕ್ತಿಯ ಗಮನಕ್ಕೆ ಇಲ್ಲಿ ಬೆಲೆಯಿದೆ. ಹೆಣಿಗೆ ಹಿಡಿದು ಮೂಲೆಯಲ್ಲಿ ಕೂತ ಮುದುಕಿ ಇಡೀ ಊರನ್ನು ಓದಿಬಿಟ್ಟಿರುತ್ತಾಳೆ. ಇದು ಸಣ್ಣ ಸಂತೋಷವಲ್ಲ.

ಪ್ರಶ್ನೆ: ಒಂದೇ ಪುಟ್ಟ ಊರಿನಲ್ಲಿ ಇಷ್ಟು ಕೊಲೆಗಳೇ? ನಂಬುವುದು ಹೇಗೆ?

ಉತ್ತರ: 'ಮರ್ಡರ್, ಶಿ ರೋಟ್' ಟಿವಿ ಸರಣಿ 1984ರಿಂದ 1996ರವರೆಗೆ 264 ಕಂತು ಓಡಿತು. ಅದರ ಕ್ಯಾಬಟ್ ಕೋವ್ ಊರಿನ ಹೆಸರನ್ನು ಈ ಆಕ್ಷೇಪಕ್ಕೇ ಇಟ್ಟುಬಿಟ್ಟಿದ್ದಾರೆ. ಅನುಭವಿ ಲೇಖಕರು ಪತ್ತೇದಾರರನ್ನು ಊರಿಂದ ಹೊರಗೆ ಕಳಿಸುತ್ತಾರೆ: ಪ್ರವಾಸ, ನೆಂಟರ ಮನೆ, ಹೋಟೆಲು. ಮಾರ್ಪಲ್ ಪ್ರಕರಣಗಳಲ್ಲೂ ಹೆಚ್ಚಿನವು ಅವಳ ಹಳ್ಳಿ ಸೇಂಟ್ ಮೇರಿ ಮೀಡ್‌ನ ಹೊರಗೇ ನಡೆಯುತ್ತವೆ. ಇನ್ನೊಂದು ದಾರಿ ಕೊಲೆಗಳನ್ನೇ ಕಡಿಮೆ ಮಾಡುವುದು. 1998ರಲ್ಲಿ ಶುರುವಾದ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಅವರ ಬೋಟ್ಸ್ವಾನಾ ಸರಣಿಯಲ್ಲಿ ಪತ್ತೇದಾರಿಣಿ ಮಾ ರಮೋಟ್ಸ್ವೆಯ ಮುಂದೆ ಬರುವುದು ಬಹುಪಾಲು ಕಾಣೆಯಾದವರ, ಮೋಸ ಹೋದವರ ತಕರಾರುಗಳು. ಕೊಲೆಯಿಲ್ಲದೆಯೂ ಸರಣಿ ಎಷ್ಟು ಸೊಗಸಾಗಿ ನಡೆಯಬಲ್ಲದು ಎಂಬುದಕ್ಕೆ ಅದನ್ನು ಓದಲೇಬೇಕು.

ಪ್ರಶ್ನೆ: ಬಹಳ ಇಷ್ಟಪಟ್ಟ ಸರಣಿ ಆರೇಳನೆಯ ಪುಸ್ತಕದ ಹೊತ್ತಿಗೆ ಬೇಸರ ತರಿಸಿತು. ಲೇಖಕರು ಸೋತರೋ, ನಾನೋ?

ಉತ್ತರ: ಹೆಚ್ಚಾಗಿ ಓದಿನ ವೇಗದ ದೋಷ. ವರ್ಷಕ್ಕೊಂದರಂತೆ ಬರೆದ ಪುಸ್ತಕಗಳನ್ನು ವಾರಕ್ಕೊಂದರಂತೆ ಓದಿದರೆ ಎಲುಬುಗೂಡು ಕಾಣತೊಡಗುತ್ತದೆ: ಆರಂಭದ ಜಗಳ, ಶವ, ಪೊಲೀಸರ ಬೈಗುಳ, "ನಾಳೆ ಎಲ್ಲ ಹೇಳುತ್ತೇನೆ" ಎಂದವರ ಸಾವು. ನಾಯಕಿಯ ಪರಿಚಯವೂ ಪ್ರತಿ ಸಲ ಹೊಸ ಓದುಗರಿಗಾಗಿ ಮರುಕಳಿಸುತ್ತದೆ. ಎರಡು ಪುಸ್ತಕ ಓದಿ ನಿಲ್ಲಿಸಿ, ನಡುವೆ ಬೇರೆ ಬಗೆಯದೊಂದು ಓದಿ. ಎರಡು ಸರಣಿಗಳನ್ನು ಒಟ್ಟಿಗೆ ನಡೆಸುವುದಾದರೆ ಒಂದು ಹಳೆಯ ಕಾಲದ್ದು, ಇನ್ನೊಂದು ಇಂದಿನದು ಇರಲಿ. ಎರಡರಲ್ಲೂ ಬೇಕರಿ, ಎರಡರಲ್ಲೂ ಬೆಕ್ಕು ಇದ್ದರೆ ಪಾತ್ರಗಳು ಕಲಸಿಹೋಗುತ್ತವೆ. ಅಂತರ ಕೊಟ್ಟು ಮರಳಿದ ಮೇಲೂ ಊರಿನ ಜನರನ್ನು ನೋಡುವ ಆಸೆ ಹುಟ್ಟದಿದ್ದರೆ ಆ ಸರಣಿಯನ್ನು ಧೈರ್ಯವಾಗಿ ಬಿಡಿ.

ಪ್ರಶ್ನೆ: ಆಡಿಯೊದಲ್ಲಿ ಕೇಳಬಹುದೇ?

ಉತ್ತರ: ಪಾತ್ರ, ಸಂಭಾಷಣೆಗಳಿಗೆ ಆಡಿಯೊ ಬಲು ಚೆನ್ನ. ಸುಳಿವಿಗೆ ಕಷ್ಟ, ಹಿಂದಕ್ಕೆ ತಿರುವಿ ನೋಡಲಾಗುವುದಿಲ್ಲ. ಮೊದಲ ಅಧ್ಯಾಯದಲ್ಲಿ ಬರುವ ಹೆಸರುಗಳನ್ನು ಸಂಬಂಧದ ಸಮೇತ ಚೀಟಿಯಲ್ಲಿ ಬರೆದುಕೊಳ್ಳಿ, ಶವ ಸಿಕ್ಕಿದಲ್ಲಿ ಬುಕ್‌ಮಾರ್ಕ್ ಹಾಕಿ. ಒಮ್ಮೆ ಓದಿದ್ದನ್ನು ಎರಡನೆಯ ಸಲ ಕೇಳುವುದಕ್ಕಂತೂ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಪ್ರಶ್ನೆ: ಹನ್ನೊಂದು ವರ್ಷದ ಮಗಳಿಗೆ ಯಾವುದು ಕೊಡಲಿ?

ಉತ್ತರ: ರಾಬಿನ್ ಸ್ಟೀವನ್ಸ್ ಅವರ 'ಮರ್ಡರ್ ಮೋಸ್ಟ್ ಅನ್‌ಲೇಡಿಲೈಕ್' (2014) ಸರಣಿ ಆ ವಯಸ್ಸಿಗೇ ಬರೆದದ್ದು. 1930ರ ದಶಕ, ವಸತಿ ಶಾಲೆ, ಇಬ್ಬರು ಹುಡುಗಿಯರ ಪತ್ತೇದಾರಿ ಸಂಘ. ಸುಳಿವುಗಳ ವಿಷಯದಲ್ಲಿ ಪ್ರಾಮಾಣಿಕ. ಇದನ್ನು ಮೊದಲಿನಿಂದ ಕ್ರಮವಾಗಿ ಕೊಡಿ. ಅಲನ್ ಬ್ರಾಡ್ಲಿಯವರ ಫ್ಲೇವಿಯಾ ಡಿ ಲೂಸ್‌ಗೂ ಹನ್ನೊಂದೇ ವರ್ಷ, ಆದರೆ ಅದು ದೊಡ್ಡವರಿಗಾಗಿ ಬರೆದದ್ದು. ಕೆಲವು ವರ್ಷ ಕಾಯಲಿ.

ಪ್ರಶ್ನೆ: ಕಾದಂಬರಿಯ ಕೊನೆಯಲ್ಲಿ ಕೊಟ್ಟಿದ್ದ ಪಾಕವಿಧಾನ ನೋಡಿ ಕುಕಿ ಮಾಡಿದರೆ ಹರಡಿ ಚಪ್ಪಟೆಯಾಯಿತು. ಅಳತೆ ತಪ್ಪೇ?

ಉತ್ತರ: ಅಳತೆಯನ್ನು ಬದಲಿಸಿಕೊಂಡದ್ದರಲ್ಲಿ ತಪ್ಪಿರಬಹುದು. ಜೋಆನ್ ಫ್ಲೂಕ್ ಅವರ ಸರಣಿಯಂಥ ಅಮೆರಿಕದ ಪುಸ್ತಕಗಳಲ್ಲಿ ಒಂದು ಕಪ್ ಎಂದರೆ ಸುಮಾರು 240 ಮಿ.ಲೀ., ಒಂದು ಸ್ಟಿಕ್ ಬೆಣ್ಣೆ ಎಂದರೆ 113 ಗ್ರಾಂ. ಓವನ್ 350 ಎಂದಿದ್ದರೆ ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 175 ಡಿಗ್ರಿ ಸೆಲ್ಸಿಯಸ್. ಬೆಣ್ಣೆ ಪೂರ್ತಿ ಕರಗಿದ್ದರೂ, ಹಿಟ್ಟು ಕಡಿಮೆಯಾದರೂ ಕುಕಿ ಹರಡುತ್ತದೆ. ಕಲಸಿದ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಓವನ್ ಪೂರ್ತಿ ಕಾದ ಮೇಲೆ ಒಂದೇ ಒಂದು ಕುಕಿ ಬೇಯಿಸಿ ನೋಡಿ. ಅದೂ ಹರಡಿದರೆ ಉಳಿದ ಹಿಟ್ಟಿಗೆ ಒಂದೆರಡು ಚಮಚ ಮೈದಾ ಸೇರಿಸಿ.