ಕೇಳ್ರಿ ಹೇಳ್ತೀವಿ: ಉಮಾಶ್ರೀ, ಕಾಮಿಡಿ ಪಾರ್ಟು ಮತ್ತ ನಮ್ಮ ಕಡೆ ಹುಡುಗೇರು

ಪ್ರಶ್ನೆ: ಅಕ್ಕಾ ನಮಸ್ಕಾರ್ರೀ. ನಾನು ಡಿಗ್ರಿ ಎರಡನೇ ವರ್ಷ ಓದಾಕತ್ತೀನಿ, ಕಾಲೇಜ್ ಗ್ಯಾದರಿಂಗ್‌ನ್ಯಾಗ ಪ್ರತಿ ವರ್ಷ ಕಾಮಿಡಿ ಸ್ಕಿಟ್ ಮಾಡೋದು ನಾನೇ, ಮುಂದ ಟೀವಿ ಸಿನಿಮಾದಾಗ ಇದನ್ನೇ ಮಾಡ್ಬೇಕಂತ ಆಸೆ ಐತಿ. ನಮ್ಮಪ್ಪ ಏನೂ ಅನ್ನಂಗಿಲ್ಲ, ಆದ್ರ ನಮ್ಮ ಕಾಕಾ ‘ಹೀರೋಯಿನ್ ಆಗ್ತೀನಿ ಅಂದ್ರ ಬ್ಯಾಡ ಅನ್ನಂಗಿಲ್ಲ, ಮಂದಿ ಹಲ್ಲು ಕಿಸಿಯೋ ಪಾರ್ಟ್ ಮಾಡಿ ಮನಿತನದ ಮಾನ ಕಳೀಬ್ಯಾಡ’ ಅಂತಾರ. ಉಮಾಶ್ರೀ ಮೇಡಂಗೂ ನ್ಯಾಷನಲ್ ಅವಾರ್ಡ್ ಬಂದಿದ್ದು ಸೀರಿಯಸ್ ಪಾರ್ಟಿಗೇ, ಕಾಮಿಡಿಗಲ್ಲ ಅಂತ ವಾದ ಮಾಡ್ತಾರ. ಕಾಮಿಡಿಗೆ ಬೆಲೆನೇ ಇಲ್ಲೇನ್ರೀ ಅಕ್ಕಾ?
(ಕುಷ್ಟಗಿಯಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ತಂಗಿ, ಅವಾರ್ಡಿನ ವಿಷಯದಾಗ ನಿಮ್ಮ ಕಾಕಾ ಹೇಳಿದ್ದು ಖರೇ ಐತಿ. 2007ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಉಮಾಶ್ರೀಯವರಿಗೆ ಬಂದಿದ್ದು ಗಿರೀಶ್ ಕಾಸರವಳ್ಳಿಯವರ ಗುಲಾಬಿ ಟಾಕೀಸ್‌ಗೆ. ಆದ್ರ ಕಾಕಾ ಆ ಸಿನಿಮಾ ಪೂರ್ತಿ ನೋಡ್ಯಾರೋ ಇಲ್ಲೋ ಒಂದ್ಸಲ ಕೇಳು. ಗುಲಾಬಿ ಬರೇ ಅಳ್ತಾ ಕೂಡೋ ಹೆಂಗಸಲ್ಲ, ಕುಂದಾಪುರ ಕಡೆ ಮೀನುಗಾರರ ಊರಾಗಿನ ಸೂಲಗಿತ್ತಿ, ಸಿನಿಮಾ ಅಂದ್ರ ಪ್ರಾಣ ಬಿಡ್ತಾಳ, ಹೆರಿಗೆ ಮಾಡ್ಸಿದ್ದಕ್ಕ ಆಕಿಗೆ ಡಿಶ್ ಸಮೇತ ಕಲರ್ ಟೀವಿ ಕಾಣಿಕೆ ಬರ್ತೈತಿ, ಆಮ್ಯಾಲೆ ಊರ ಹೆಂಗಸರೆಲ್ಲ ಆಕಿ ಮನಿಗೇ ಬಂದು ಕುಂದರ್ತಾರ. ಆ ಟೀವಿ ಮುಂದ ಗುಲಾಬಿ ಮುಖದಾಗ ಸಣ್ಣ ಹುಡುಗಿ ಖುಷಿ ಕಾಣ್ತೈತಲ್ಲ, ಅಷ್ಟು ಹಗುರಾಗಿ ಮುಖ ಬಿಚ್ಚೋದು ವರ್ಷಾನುಗಟ್ಲೆ ಮಂದಿನ್ನ ನಗಿಸಿದವರಿಗೆ ಬರೋ ಕಲೆ ಅಂತ ನನಗ ಅನಸ್ತೈತಿ. ಮುಂದ ಆ ಖುಷಿ ಹೋದಾಗ ನಮ್ಮ ಹೊಟ್ಟ್ಯಾಗ ಸಂಕಟ ಆಗೋದು ಯಾಕಂದ್ರ ಮೊದ್ಲು ಆಕಿ ಜೋಡಿ ನಾವೂ ನಕ್ಕಿರ್ತೀವಿ.

ಉಮಾಶ್ರೀ ಹುಟ್ಟಿದ್ದು 1957ರಾಗ, ತುಮಕೂರು ಜಿಲ್ಲೆ ನೊಣವಿನಕೆರೆ. ಇಬ್ಬರು ಮಕ್ಕಳ ಹೊಣೆ ಒಬ್ಬಾಕಿನೇ ಹೊತ್ತು ನಾಟಕಕ್ಕ ಬಂದವರು. ದೇವನೂರ ಮಹಾದೇವರ ಒಡಲಾಳ ಕಾದಂಬರಿ ರಂಗಕ್ಕ ಬಂದಾಗ ಸಾಕವ್ವನ ಪಾರ್ಟ್ ಮಾಡಿದ್ರು, ಅದನ್ನ ನೋಡಿದ ಮಂದಿ ಇವತ್ತಿಗೂ ಅದರ ಸುದ್ದಿ ತಗೀತಾರ. ಸಾಕವ್ವ ಕಳಕೊಂಡ ಹುಂಜ ಹುಡುಕ್ತಾ ಊರೆಲ್ಲಾ ಬೈಕೊಂತ ತಿರುಗ್ತಾಳ, ರಾತ್ರಿ ಮನಿ ಮಂದಿಯೆಲ್ಲಾ ಕದ್ದ ಕಡ್ಲೆಕಾಯಿ ಸುತ್ತ ಕುಂತು ತಿಂತಾರ, ಅಲ್ಲಿ ನಗು ಎಲ್ಲೈತಿ ಹಸಿವು ಎಲ್ಲೈತಿ ಅಂತ ಬ್ಯಾರೆ ಮಾಡಿ ತೋರ್ಸಾಕ ಆಗ್ತೈತೇನು ಹೇಳು. ನಮ್ಮ ಅವ್ವ, ಅಜ್ಜಿ ಹಂಗೇ ಮಾತಾಡ್ತಿದ್ರಲ್ಲ, ಬೈಗುಳದಾಗೇ ನಗಿಸಿ ಮುಂದಿನ ಮಾತಿಗೆ ಸೆರಗಿಲೆ ಕಣ್ಣು ಒರಸ್ಕೊಂತ. ಅದನ್ನ ಆಯಮ್ಮ ಸ್ಟೇಜ್ ಮ್ಯಾಲೆ ತಂದ್ರು.

ಸಿನಿಮಾದಾಗ 1984ರಾಗ ಕಾಶೀನಾಥ್ ಅವ್ರ ‘ಅನುಭವ’ ಸಿನಿಮಾದಿಂದ ಹೆಸ್ರಾಯ್ತು, ಆಮ್ಯಾಲೆ ಎನ್.ಎಸ್. ರಾವ್, ಡಿಂಗ್ರಿ ನಾಗರಾಜ್ ಇವ್ರ ಜೋಡಿ ಕಾಮಿಡಿ ಟ್ರ್ಯಾಕ್ ಒಂದಾದ ಮ್ಯಾಲೊಂದು. ನಿಮ್ಮ ಕಾಕಾನ ಅಂಜಿಕಿ ಬೇರು ಇಲ್ಲೇ ಐತಿ ಅಂತ ಕಾಣ್ತೈತಿ. ಆವಾಗಿನ ಕಾಮಿಡಿ ಟ್ರ್ಯಾಕ್‌ನ್ಯಾಗ ಎರಡರ್ಥದ ಮಾತು ಬಾಳ ಇರ್ತಿದ್ವು, ಗಂಡ ಹೆಂಡ್ತಿ ಜಗಳ, ಹೆಂಗಸಿನ ಮೈ ಬಗ್ಗೆ ಚೇಷ್ಟೆ, ಅದನ್ನೆಲ್ಲಾ ಬರೀತಿದ್ದವರು ಬ್ಯಾರೆ, ಆದ್ರ ಕೆಟ್ಟ ಹೆಸ್ರು ಮಾತ್ರ ಡೈಲಾಗ್ ಹೇಳಿದ ಹೆಂಗಸಿಗೆ. ಜೋಡಿಗೆ ನಿಂತ ಗಂಡಸಿಗೆ ‘ಮಾನ ಹೋಯ್ತು’ ಅಂತ ಯಾರಾದ್ರೂ ಅಂದಿದ್ದು ನಾ ಕೇಳಿಲ್ಲ. ಇದು ನನಗ ಇವತ್ತಿಗೂ ಸಿಟ್ಟು ತರಿಸ್ತೈತಿ ತಂಗಿ. ಟೆನ್ನಿಸ್ ಕೃಷ್ಣ ಜೋಡಿ ಎಷ್ಟೋ ಸಿನಿಮಾದಾಗ ನಮ್ಮನ್ನ ನಗಿಸಿದ ರೇಖಾ ದಾಸ್ ಅವ್ರಿಗೂ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಅಂತ ನಾ ಅಂತೀನಿ.

ಇನ್ನ ಪುಟ್ನಂಜ, 1995. ಆವಾಗ ನಮ್ಮವ್ವ ಬಳ್ಳಾರಿಯಾಗ ಜೀನ್ಸ್ ಪ್ಯಾಂಟ್ ಹೊಲಿಯೋ ಕೆಲಸಕ್ಕ ಹೋಗ್ತಿದ್ಲು, ವಾರದ ಪಗಾರ ಬಂದ ದಿನ ಜೊತಿಗಾರ್ತೇರ ಜೋಡಿ ಸಿನಿಮಾಕ್ಕ ಹೊಂಟ್ರ ನನ್ನನ್ನೂ ಎಳಕೊಂಡು ಹೋಗ್ತಿದ್ಲು. ರವಿಚಂದ್ರನ್ ಅಜ್ಜಿ ಪುಟ್ಮಲ್ಲಿ ಪರದೆ ಮ್ಯಾಲೆ ಬಂದ್ಲು ಅಂದ್ರ ಹೆಂಗಸರ ಸಾಲಿನ್ಯಾಗ ಎಲಿ ಅಡಿಕಿ ಬಾಯಾಗಿಟ್ಟುಕೊಂಡೇ ನಗು. ಹೊರಗ ಬಂದು ನಮ್ಮವ್ವ ‘ಆ ಮುದುಕಿನ್ನ ಯಾವೂರಿಂದ ಹುಡುಕಿ ತಂದಾರಲೇ’ ಅಂದ್ಲು. ಆವಾಗ ಉಮಾಶ್ರೀಗೆ ಮೂವತ್ತೆಂಟು, ಮೊಮ್ಮಗ ಆಗಿದ್ದ ರವಿಚಂದ್ರನ್‌ಗಿಂತ ನಾಕೇ ವರ್ಷ ದೊಡ್ಡೋರು! ನಾ ಎಷ್ಟು ಹೇಳಿದ್ರೂ ಅವ್ವ ನಂಬ್ಲೇ ಇಲ್ಲ, ಮುಂದಿನ ವಾರ ಮತ್ತ ಹೋಗಿ ನೋಡ್ಕೊಂಡು ಬಂದ್ಲು. ಬೆನ್ನು ಬಗ್ಗಿಸಿ ಬಿಳಿ ಕೂದ್ಲು ಹಾಕ್ಕೊಂಡ್ರ ಅಜ್ಜಿ ಆಗಂಗಿಲ್ಲ. ಮಾತು ಶುರು ಮಾಡೋ ಮೊದ್ಲು ಒಂದು ಸಣ್ಣ ತಡ, ಸಿಟ್ಟಿನ ನಡುವೆನೇ ಮೊಮ್ಮಗನ ಮ್ಯಾಲಿನ ಪ್ರೀತಿ ಜಿನುಗೋದು, ಇದನ್ನೆಲ್ಲಾ ಲೆಕ್ಕ ಹಾಕಿ ಮಾಡಿದ್ದು, ಆದ್ರ ಲೆಕ್ಕ ನಮ್ಮ ಕಣ್ಣಿಗೆ ಬೀಳಂಗಿಲ್ಲ. ಅಳೋ ಸೀನ್‌ನ್ಯಾಗ ಒಂದು ಸೆಕೆಂಡ್ ಹಿಂದ ಮುಂದ ಆದ್ರ ಮ್ಯೂಸಿಕ್ ಕಾಪಾಡ್ತೈತಿ, ನಗಿಸೋವಾಗ ಒಂದು ಸೆಕೆಂಡ್ ತಪ್ಪಿದ್ರ ಟಾಕೀಸ್‌ಗೆ ಟಾಕೀಸೇ ಸುಮ್ಮನ ಕುಂತಿರ್ತೈತಿ, ನೀನು ಗ್ಯಾದರಿಂಗ್‌ನ್ಯಾಗ ಇದನ್ನ ಅನುಭವಿಸಿರ್ತಿ.

ಮಾನದ ಮಾತಿಗೆ ಬಂದ್ರ, ಇದೇ ಉಮಾಶ್ರೀಯವರನ್ನ 2013ರಾಗ ತೇರದಾಳದ ಮಂದಿ, ರಬಕವಿ ಬನಹಟ್ಟಿ ಕಡೆ ನೇಕಾರರು, ರೈತರು ವೋಟ್ ಹಾಕಿ ಆರಿಸಿ ಕಳಿಸಿದ್ರು, ಕನ್ನಡ ಮತ್ತು ಸಂಸ್ಕೃತಿ, ಮಹಿಳಾ ಮಕ್ಕಳ ಇಲಾಖೆ ಮಂತ್ರಿ ಆದ್ರು. ಅವ್ರ ರಾಜಕೀಯ ನಿಮ್ಮ ಕಾಕಾಗ ಹಿಡಿಸ್ಲಿ ಬಿಡ್ಲಿ, ನಗಿಸಿದ ಹೆಂಗಸು ಅಂತ ಮಂದಿ ಹಗುರ ಮಾಡ್ಲಿಲ್ಲ ಅನ್ನೋದು ಕಣ್ಣಮುಂದ ಐತಲ್ಲ.

ಒಂದು ಮಾತು ಮಾತ್ರ ಗಟ್ಟಿ ಹಿಡಕೋ. ಸ್ಕಿಟ್ ಕೈಗೆ ಬಂದ ಕೂಡ್ಲೇ ಒಪ್ಕೊಬ್ಯಾಡ, ಜೋರಾಗಿ ಓದಿ ನೋಡು. ನಗು ನಿನ್ನ ಮಾತಿಗೆ ಬರ್ತೈತೋ ನಿನ್ನ ಮೈ ಬಣ್ಣ, ದಪ್ಪ ತೆಳ್ಳಗ ಇರೋದಕ್ಕ ಬರ್ತೈತೋ ಗೊತ್ತಾಗ್ತೈತಿ. ಎರಡನೇದಾದ್ರ ಬದ್ಲಿ ಮಾಡ್ರಿ ಅಂತ ಬಾಯಿ ಬಿಟ್ಟು ಕೇಳು.

ಪ್ರಶ್ನೆ: ಪುಟ್ಟಕ್ಕನ ಮಕ್ಕಳು ಸೀರಿಯಲ್‌ನ್ಯಾಗ ಪುಟ್ಟಕ್ಕನ ಎದುರು ನಿಲ್ಲೋ ಬಂಗಾರಮ್ಮ ಮತ್ತ ಹಳೇ ಸಿಲ್ಲಿ ಲಲ್ಲಿಯ ಲಲಿತಾಂಬ ಒಬ್ಬರೇ ಏನ್ರೀ? ನಮ್ಮನ್ಯಾಗ ಬೆಟ್ ಕಟ್ಟೀವಿ.
(ಸಿಂಧನೂರಿನಿಂದ)

ಉತ್ತರ: ಒಬ್ಬರೇ ರೀ, ಮಂಜುಭಾಷಿಣಿ. ‘ಸಮಾಜ ಸೇವಕಿ’ ಲಲಿತಾಂಬ ಆಗಿ ಈಟೀವಿ ಕನ್ನಡದಾಗ ಮನಿ ಮಂದಿನ್ನೆಲ್ಲಾ ನಗಿಸಿದವರು, ಇಲ್ಲಿ ಬಡ್ಡಿ ವಸೂಲಿ ಮಾಡೋ ಬಂಗಾರಮ್ಮ ಆಗಿ ಅಂಜಿಸಿದ್ರು. 2021ರ ಡಿಸೆಂಬರ್‌ದಾಗ ಜೀ ಕನ್ನಡದಾಗ ಸೀರಿಯಲ್ ಶುರು ಆದಾಗ ನನಗ ಬಾಳ ಖುಷಿ ಆಗಿದ್ದು ಇದಕ್ಕೇ, ಮೂರು ಹೆಣ್ಣು ಹೆತ್ತಳು ಅಂತ ಗಂಡ ಬಿಟ್ಟು ಹೋದ ಮ್ಯಾಲೆ ಮೆಸ್ ನಡೆಸಿ ಮಕ್ಕಳನ್ನ ಓದಿಸೋ ಪುಟ್ಟಕ್ಕ ಒಂದು ಕಡೆ, ಬಂಗಾರಮ್ಮ ಒಂದು ಕಡೆ, ಇಬ್ಬರೂ ಕಾಮಿಡಿಯಿಂದ ಮನಿಮಾತಾದವರು, ಕತಿಯ ಭಾರ ಇಬ್ಬರ ಹೆಗಲ ಮ್ಯಾಲೆ. ಇದೇ ಸಾಲಿನ್ಯಾಗ ಅಪರ್ಣಾ ಅವ್ರನ್ನ ನೆನೀದೆ ಇರಾಕ ಆಗಂಗಿಲ್ಲ. ವರ್ಷಾನುಗಟ್ಲೆ ಅಚ್ಚ ಕನ್ನಡದಾಗ ನಿರೂಪಣೆ ಮಾಡಿದವರು, ಬೆಂಗಳೂರು ಮೆಟ್ರೋದಾಗ ಕೇಳೋ ದನಿ ಅವ್ರದ್ದು, ಮಜಾ ಟಾಕೀಸ್‌ನ್ಯಾಗ ವರಲಕ್ಷ್ಮಿ ಆಗಿ ಬಂದಾಗ ‘ಇವ್ರಿಗೆ ಇದೂ ಬರ್ತೈತೇನು’ ಅಂತ ನಾವೆಲ್ಲಾ ಬೆರಗಾಗಿದ್ವಿ. 2024ರ ಜುಲೈದಾಗ ತೀರಿಕೊಂಡ್ರು. ಆ ಸುದ್ದಿ ಬಂದ ದಿನ ನನಗ ಊಟ ಸೇರಲಿಲ್ಲ. ಬೆಟ್ ಗೆದ್ದವರು ಯಾರು ಅಂತ ಬರೀರಿ.

ಪ್ರಶ್ನೆ: ಹಿಂದ ನಾಟಕದಾಗ ಹೆಣ್ಣು ಪಾರ್ಟನ್ನ ಗಂಡಸ್ರೇ ಮಾಡ್ತಿದ್ರು. ಬಳ್ಳಾರಿ ಕಡೆ ಹೆಣ್ಮಕ್ಕಳು ಸ್ಟೇಜ್ ಹತ್ತಿದ್ದಕ್ಕ ಬೆಂಬಲ ಕೊಟ್ಟವರು ಯಾರಾದ್ರೂ ಇದ್ರೇನು?
(ಬಳ್ಳಾರಿ, ನಿವೃತ್ತ ಮಾಸ್ತರು)

ಉತ್ತರ: ಇದ್ರು ಸರ್, ನಿಮ್ಮೂರಿನ ಬಳ್ಳಾರಿ ರಾಘವ ಅವ್ರೇ (1880-1946). ವಕೀಲಿ ಮಾಡ್ಕೊಂಡು ಕನ್ನಡ, ತೆಲುಗು, ಇಂಗ್ಲಿಷ್ ಮೂರರಾಗೂ ನಟಿಸಿದವರು, ಹೆಣ್ಣು ಪಾರ್ಟನ್ನ ಹೆಣ್ಮಕ್ಕಳೇ ಮಾಡ್ಬೇಕು ಅಂತ ಒತ್ತಾಯ ಮಾಡಿದವರು. ಊರಾಗ ರಾಘವ ಕಲಾಮಂದಿರ ನಿಂತಿರೋದು ಅವ್ರ ಹೆಸರಿಲೇ. ಅದಾದ ಮ್ಯಾಲೆ ಸುಭದ್ರಮ್ಮ ಮನ್ಸೂರು, 2020ರಾಗ ನಮ್ಮನ್ನ ಬಿಟ್ಟು ಹೋದ್ರು, ವೃತ್ತಿ ರಂಗಭೂಮಿಯಾಗ ಹಾಡಿಗೂ ಮಾತಿಗೂ ಎತ್ತಿದ ದನಿ ಅವ್ರದ್ದು. ಕಂಪನಿ ನಾಟಕದಾಗ ಮೈಕ್ ಸರಿ ಇರಲಿ ಬಿಡ್ಲಿ ಹಿಂದಿನ ಸಾಲಿನ ಮಂದಿಗೆ ಮಾತು ಮುಟ್ಟಬೇಕು, ನಗಿಸೋ ಹೆಣ್ಣು ಪಾರ್ಟಿನವರಿಗೆ ಅದು ಇನ್ನೂ ಕಷ್ಟ, ಯಾಕಂದ್ರ ಮಂದಿ ನಗೋ ಗದ್ದಲ ಇಳಿಯೋತನಕ ತಡದು ಮುಂದಿನ ಮಾತು ಎತ್ತಬೇಕು.

ಪ್ರಶ್ನೆ: ಇದನ್ನ ಕಲಿಯಾಕ ಬೆಂಗಳೂರಿಗೇ ಹೋಗ್ಬೇಕೇನ್ರೀ? ಮಗಳಿಗೆ ಕೇಳಾಕತ್ತೀನಿ.
(ಮಾನ್ವಿಯಿಂದ ಒಬ್ಬ ತಾಯಿ)

ಉತ್ತರ: ಹಂಗೇನಿಲ್ಲ ಅಕ್ಕಾರ. ಸಾಗರ ತಾಲೂಕಿನ ಹೆಗ್ಗೋಡಿನ ನೀನಾಸಂದಾಗ 1980ರಿಂದ ನಾಟಕದ ಡಿಪ್ಲೊಮಾ ಕೋರ್ಸ್ ನಡೀತೈತಿ, ಒಂದು ವರ್ಷದ್ದು, ಅಲ್ಲೇ ಇದ್ದು ಕಲೀಬೇಕು. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಾಗೂ ರಂಗಶಾಲೆ ಐತಿ, ನಿಮಗ ಹೆಗ್ಗೋಡಿಗಿಂತ ಹತ್ರ. ನಮ್ಮ ಭಾಗಕ್ಕ ಕಲಬುರಗಿಯಾಗ ರಂಗಾಯಣ ಐತಿ, ಅಲ್ಲಿ ನಾಟಕ ಇದ್ದಾಗ ಮಗಳನ್ನ ಕರಕೊಂಡು ಹೋಗಿ ತೋರ್ಸ್ರಿ, ನಾಟಕ ಮುಗದ ಮ್ಯಾಲೆ ಕಲಾವಿದೆಯರ ಜೋಡಿ ಮಾತಾಡ್ಸ್ರಿ. ಟೀವಿ ಕಾಮಿಡಿ ಶೋ ಆಡಿಷನ್‌ಗೆ ಆಮ್ಯಾಲೆ ಹೋಗ್ಲಿ. ಹೋದಾಗ ಯಾರಾದ್ರೂ ಚಾನ್ಸ್ ಕೊಡ್ಸಾಕ ರೊಕ್ಕ ಕೇಳಿದ್ರ ಅಲ್ಲಿಂದಲೇ ಎದ್ದು ಬರ್ರಿ. ನಾಟಕ ಶಾಲೆಗೆ ಅರ್ಜಿ ಹಾಕೋ ಮೊದ್ಲು ಮಗಳಿಗೆ ಎರಡು ಪಾರ್ಟ್ ಬಾಯಿಪಾಠ ಮಾಡ್ಸ್ರಿ, ಒಂದು ನಗಿಸೋದು ಒಂದು ಅಳಿಸೋದು, ಇಂಟರ್‌ವ್ಯೂದಾಗ ಮಾಡಿ ತೋರ್ಸಾಕ ಹೇಳಿದ್ರ ತಡವರಿಸಬಾರ್ದು. ಕುಷ್ಟಗಿ ತಂಗಿ, ನಿನಗೂ ಇದೇ ಮಾತು, ಡಿಗ್ರಿ ಮಾತ್ರ ಮುಗಿಸಿಕೊಂಡು ಹೋಗು.